ಟಾಂಗ್ ಟೆಸ್ಟರ್ ಸೊನ್ನೆ ತೋರಿಸಿದ್ದೇಕೆ?

ಪ್ರಶ್ನೆ: ನಮ್ಮ ತೋಟದ ಬೋರ್‌ವೆಲ್‌ಗೆ 5 ಎಚ್‌ಪಿ ತ್ರೀ ಫೇಸ್ ಮೋಟರ್ ಇಳಿಸಿದ್ದೇವೆ. ರಿಪೇರಿಗೆ ಬಂದ ಮೆಕ್ಯಾನಿಕ್ ಸ್ಟಾರ್ಟರ್ ಒಳಗಿನ ಒಂದೊಂದೇ ವೈರಿಗೆ ಟಾಂಗ್ ಟೆಸ್ಟರ್ ಹಾಕಿ, ‘ಏಳೂವರೆ ಆಂಪಿಯರ್, ಸರಿಯಾಗಿದೆ’ ಎಂದರು. ಅವರು ಊಟಕ್ಕೆ ಕೂತಾಗ ನಾನು ಅದೇ ಟೆಸ್ಟರನ್ನು ಹೊರಗೆ ಬೋರಿಗೆ ಹೋಗುವ ಕೇಬಲ್‌ಗೆ ಹಾಕಿ ನೋಡಿದೆ. ನೀರು ಧಾರಾಳವಾಗಿ ಬರುತ್ತಿತ್ತು, ಟೆಸ್ಟರ್ ಮಾತ್ರ ಸೊನ್ನೆ ತೋರಿಸುತ್ತಿತ್ತು. ಕರೆಂಟ್ ಎಲ್ಲಿ ಹೋಯಿತು? ಮಗನ ಹತ್ತಿರ ಇರುವ ಮಲ್ಟಿಮೀಟರ್‌ನಲ್ಲೇ ಆಂಪಿಯರ್ ನೋಡಬಹುದೇ?
— ಒಬ್ಬ ಅಡಿಕೆ ಬೆಳೆಗಾರರು, ಹಿರಿಯೂರು ತಾಲ್ಲೂಕು

ಉತ್ತರ: ಟೆಸ್ಟರ್ ಕೆಟ್ಟಿರಲಿಲ್ಲ. ಕೇಬಲ್ ಒಳಗೆ ಏಳೂವರೆ ಆಂಪಿಯರ್ ಹರಿಯುತ್ತಲೇ ಇತ್ತು. ಹಾಗಿದ್ದೂ ಆ ಸೊನ್ನೆ ಸರಿಯಾದ ಅಳತೆಯೇ. ಮೆಕ್ಯಾನಿಕ್ ಅಳೆದದ್ದು ಒಂದು ವೈರಿನ ಕರೆಂಟನ್ನು, ನೀವು ಅಳೆದದ್ದು ಮೂರೂ ವೈರುಗಳ ಒಟ್ಟು ಮೊತ್ತವನ್ನು. ಆ ಮೊತ್ತ ಸೊನ್ನೆಯೇ ಆಗಬೇಕು.

ಮೋಟರ್ ಕರೆಂಟನ್ನು ‘ತಿನ್ನುತ್ತದೆ’ ಎಂದು ನಾವೆಲ್ಲ ಮಾತಿಗೆ ಹೇಳುತ್ತೇವೆ. ಗೊಂದಲ ಶುರುವಾಗುವುದೇ ಅಲ್ಲಿಂದ. ಬೋರಿನಿಂದ ಮೇಲೆ ಬಂದ ನೀರು ತೋಟದಲ್ಲಿ ಇಂಗಿಹೋಗುತ್ತದೆ, ಕರೆಂಟ್ ಹಾಗೆ ಎಲ್ಲಿಯೂ ಇಂಗುವುದಿಲ್ಲ. ವಿದ್ಯುತ್ ಮಂಡಲ ಎಂದರೆ ಹೊರಟಲ್ಲಿಗೇ ಬಂದು ಸೇರುವ ದಾರಿ. ಹಳೆಯ 60 ವಾಟ್ ಬಲ್ಬಿಗೆ ಫೇಸ್ ವೈರಿನಲ್ಲಿ ಸುಮಾರು 0.26 ಆಂಪಿಯರ್ ಹೋದರೆ, ನ್ಯೂಟ್ರಲ್ ವೈರಿನಲ್ಲಿಯೂ ಅಷ್ಟೇ ಇರುತ್ತದೆ, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಬಲ್ಬಿನಲ್ಲಿ ಖರ್ಚಾಗುವುದು ಶಕ್ತಿ. ಬಿಲ್ಲಿನಲ್ಲಿ ನಾವು ದುಡ್ಡು ಕೊಡುವ ಯೂನಿಟ್ಟೂ ಆಂಪಿಯರ್ ಅಲ್ಲ, ಕಿಲೋವಾಟ್ ಅವರ್, ಅಂದರೆ ಶಕ್ತಿಯ ಲೆಕ್ಕ. ಮಂಡಲದ ಯಾವ ಕೂಡುಬಿಂದುವಿನಲ್ಲಾದರೂ ಒಳಬಂದ ಕರೆಂಟ್ ಹೊರಹೋದ ಕರೆಂಟಿಗೆ ಸಮ ಎಂಬ ಈ ನಿಯಮವನ್ನು 1845ರಲ್ಲಿ ಬರೆದಿಟ್ಟವರು ಗುಸ್ಟಾವ್ ಕಿರ್ಚಾಫ್. ಆಗ ಅವರಿನ್ನೂ ವಿದ್ಯಾರ್ಥಿ.

ಬಲ್ಬಿಗೆ ಎರಡು ವೈರು. ನಿಮ್ಮ ಮೋಟರಿಗೆ ಮೂರು, ಅಲ್ಲಿ ನ್ಯೂಟ್ರಲ್ ಇಲ್ಲ. ಹಾಗಾದರೆ ಹೋದದ್ದು ಯಾವುದರಲ್ಲಿ ವಾಪಸ್ ಬರುತ್ತದೆ? ಉಳಿದೆರಡು ಫೇಸುಗಳಲ್ಲೇ. ಎಸಿ ಕರೆಂಟ್ ಸೆಕೆಂಡಿಗೆ 50 ಸುತ್ತಿನಂತೆ ಹಿಂದಕ್ಕೂ ಮುಂದಕ್ಕೂ ಹೊರಳುತ್ತದೆ, ಆರ್, ವೈ, ಬಿ ಮೂರೂ ಒಂದರ ಹಿಂದೆ ಒಂದು ಮೂರನೇ ಒಂದು ಸುತ್ತು ತಡವಾಗಿ. ಮೀಟರ್ ತೋರಿಸುವ ಏಳೂವರೆ ಆಂಪಿಯರ್ ಒಂದು ಬಗೆಯ ಸರಾಸರಿ, ಕ್ಷಣದ ಗರಿಷ್ಠ ಸುಮಾರು 10.6 ಆಂಪಿಯರ್. ಆರ್ ಫೇಸಿನಲ್ಲಿ 10.6 ಬೋರಿನ ಕಡೆಗೆ ಹೋಗುತ್ತಿರುವ ಗಳಿಗೆಯಲ್ಲಿ ವೈ ಮತ್ತು ಬಿ ಫೇಸುಗಳಲ್ಲಿ 5.3ರಂತೆ ವಾಪಸ್ ಬರುತ್ತಿರುತ್ತದೆ. ಕೂಡಿ ನೋಡಿ, ಸೊನ್ನೆ. ಯಾವ ಗಳಿಗೆಯನ್ನು ಹಿಡಿದು ಲೆಕ್ಕ ಹಾಕಿದರೂ ಸೊನ್ನೆಯೇ. ನನಗೆ ಇಡೀ ವಿದ್ಯುತ್ ಶಾಸ್ತ್ರದಲ್ಲಿ ಇಷ್ಟು ಚೆಂದದ ಲೆಕ್ಕ ಇನ್ನೊಂದು ಕಂಡಿಲ್ಲ.

ಇನ್ನು, ವೈರನ್ನು ಕತ್ತರಿಸದೆ, ತಾಮ್ರವನ್ನು ಮುಟ್ಟದೆ ಟಾಂಗ್ ಟೆಸ್ಟರಿಗೆ ಒಳಗಿನ ಕರೆಂಟ್ ಹೇಗೆ ಗೊತ್ತಾಗುತ್ತದೆ? 1820ರಲ್ಲಿ ಕೋಪನ್‌ಹೇಗನ್‌ನ ಓರ್ಸ್ಟೆಡ್, ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡರು. ಸುದ್ದಿ ಪ್ಯಾರಿಸ್ ತಲುಪಿದ ಕೆಲವೇ ವಾರಗಳಲ್ಲಿ ಆಂಪಿಯರ್ ಎಂಬ ವಿಜ್ಞಾನಿ, ಕರೆಂಟ್ ಹರಿಯುವ ಎರಡು ತಂತಿಗಳು ತಮ್ಮಲ್ಲೇ ಸೆಳೆಯುತ್ತವೆ, ಇಲ್ಲವೇ ತಳ್ಳುತ್ತವೆ ಎಂದು ತೋರಿಸಿದರು. ಕರೆಂಟಿನ ಅಳತೆಗೆ ಇಟ್ಟಿರುವುದು ಅವರದೇ ಹೆಸರು. ಹರಿಯುವ ಕರೆಂಟಿನ ಸುತ್ತ ಕಾಂತಕ್ಷೇತ್ರ ಉಂಗುರದಂತೆ ಸುತ್ತಿಕೊಂಡಿರುತ್ತದೆ. ಟೆಸ್ಟರಿನ ಬಾಯಿ ಕಬ್ಬಿಣದ ತಿರುಳಿನ ಉಂಗುರ, ಅದು ಆ ಕ್ಷೇತ್ರವನ್ನು ಹಿಡಿದಿಡುತ್ತದೆ. ಉಂಗುರಕ್ಕೆ ಸಣ್ಣ ತಂತಿಯ ಸಾವಿರ ಸುತ್ತು ಸುತ್ತಿದ್ದಾರೆ ಎನ್ನೋಣ. ನಿಮ್ಮ ವೈರು ಅದರ ನಡುವೆ ಒಮ್ಮೆ ಹಾದುಹೋದರೆ ಅದೊಂದು ಟ್ರಾನ್ಸ್‌ಫಾರ್ಮರ್ ಆಯಿತು, ವೈರಿನ ಏಳೂವರೆ ಆಂಪಿಯರ್ ಸಣ್ಣ ತಂತಿಯಲ್ಲಿ ಏಳೂವರೆ ಮಿಲಿ ಆಂಪಿಯರ್ ಆಗಿ ಬರುತ್ತದೆ. ಮೀಟರ್ ಓದುವುದು ಅದನ್ನು. ಬಾಯಿ ಪೂರ್ತಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಮಣ್ಣು ಸಿಕ್ಕಿಕೊಂಡರೆ ಲೆಕ್ಕ ತಪ್ಪುತ್ತದೆ. ಉಂಗುರದ ಹೊರಗಿರುವ ವೈರು ಲೆಕ್ಕಕ್ಕಿಲ್ಲ. ಒಳಗಿರುವುದೆಲ್ಲ ಕೂಡಿ ಕಳೆದು ಒಂದೇ ಅಂಕಿಯಾಗುತ್ತದೆ. ನಿಮ್ಮ ಕೇಬಲ್‌ನಲ್ಲಿ ಆದದ್ದು ಅದೇ.

ಈ ಕೂಡು ಗುಣವನ್ನು ನಮ್ಮ ಅನುಕೂಲಕ್ಕೂ ಬಳಸಿಕೊಳ್ಳಬಹುದು. ತೀರ ಸಣ್ಣ ಕರೆಂಟ್ ಅಳೆಯಬೇಕೆಂದರೆ ಒಂದೇ ವೈರನ್ನು ಬಾಯಿಯೊಳಗೆ ಹತ್ತು ಸುತ್ತು ಹಾಯಿಸಿ, ಬಂದ ಅಂಕಿಯನ್ನು ಹತ್ತರಿಂದ ಭಾಗಿಸುತ್ತಾರೆ. ಸೋಲಾರ್ ಪ್ಯಾನೆಲ್‌ನಿಂದ ಬರುವ ಡಿಸಿ ಕರೆಂಟಿಗೆ ಮಾತ್ರ ಈ ಟ್ರಾನ್ಸ್‌ಫಾರ್ಮರ್ ಉಪಾಯ ನಡೆಯದು. ಅದಕ್ಕೆ 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮದ ಮೇಲೆ ಕೆಲಸ ಮಾಡುವ, ಡಿಸಿ ಆಂಪಿಯರ್ ಎಂದು ಬರೆದಿರುವ ಬೇರೆ ಟೆಸ್ಟರ್ ಬೇಕು.

ನಿಮಗೆ ಸಿಕ್ಕ ಸೊನ್ನೆಯೇ ಎಷ್ಟೋ ಮನೆಗಳಲ್ಲಿ ಜೀವ ಕಾಯುತ್ತಿದೆ. ಮೇನ್ ಬೋರ್ಡಿನಲ್ಲಿ ಕೂಡಿಸುವ, ಜನ ಇಎಲ್‌ಸಿಬಿ ಎಂದೇ ಕರೆಯುವ ಸ್ವಿಚ್ಚಿನೊಳಗೆ ಇಂಥದೇ ಒಂದು ಉಂಗುರವಿದೆ. ಫೇಸ್, ನ್ಯೂಟ್ರಲ್ ಎರಡೂ ಅದರ ಮೂಲಕವೇ ಹಾದುಹೋಗುತ್ತವೆ. ಎಲ್ಲ ಸರಿಯಿದ್ದಾಗ ಮೊತ್ತ ಸೊನ್ನೆ. ಗೀಸರ್ ಲೀಕ್ ಆಗಿ ಮುಟ್ಟಿದವರ ಮೈಯ ಮೂಲಕ ಒಂದಿಷ್ಟು ಕರೆಂಟ್ ಭೂಮಿಗೆ ಹೋಯಿತೆನ್ನಿ, ಅಷ್ಟು ವಾಪಸ್ ಬರುವುದಿಲ್ಲ. ಮನೆಗೆ ಹಾಕುವುದರಲ್ಲಿ ಸಾಮಾನ್ಯವಾಗಿ 30 ಮಿಲಿ ಆಂಪಿಯರ್ ವ್ಯತ್ಯಾಸಕ್ಕೇ ಸ್ವಿಚ್ ಬಿದ್ದುಬಿಡುತ್ತದೆ. ಆದರೆ ಯಾರಾದರೂ ಒಂದು ಕೈಯಲ್ಲಿ ಫೇಸನ್ನೂ ಇನ್ನೊಂದರಲ್ಲಿ ನ್ಯೂಟ್ರಲ್ಲನ್ನೂ ಹಿಡಿದರೆ, ಭೂಮಿಗೆ ಏನೂ ಸೋರದಿದ್ದರೆ, ಮೊತ್ತ ಸೊನ್ನೆಯಾಗಿಯೇ ಉಳಿಯುತ್ತದೆ, ಸ್ವಿಚ್ ಬೀಳುವುದಿಲ್ಲ. ಇಎಲ್‌ಸಿಬಿ ಇದೆಯೆಂಬ ಧೈರ್ಯದ ಮೇಲೆ ಲೈವ್ ವೈರಿಗೆ ಕೈ ಹಾಕಬೇಡಿ.

ಮಗನ ಮಲ್ಟಿಮೀಟರ್ ವಿಷಯ: ದಯವಿಟ್ಟು ಬೇಡ. ವೋಲ್ಟೇಜ್ ಅಳೆಯುವಾಗ ಅದನ್ನು ಎರಡು ವೈರುಗಳ ನಡುವೆ ಸಮಾಂತರವಾಗಿ ಇಡುತ್ತೇವೆ, ಆಗ ಅದರ ರೋಧ ಹತ್ತು ಲಕ್ಷ ಓಮ್ ಅಥವಾ ಅದಕ್ಕೂ ಹೆಚ್ಚು, ಕರೆಂಟ್ ಹರಿಯುವುದೇ ಇಲ್ಲವೆನ್ನುವಷ್ಟು ಕಡಿಮೆ. ಆಂಪಿಯರ್ ಅಳೆಯುವಾಗ ಮೀಟರ್ ಮಂಡಲದ ಒಂದು ಭಾಗವೇ ಆಗಬೇಕು. ವೈರು ಬಿಚ್ಚಿ ಸರಣಿಯಲ್ಲಿ ಸೇರಿಸಬೇಕು, ಹರಿಯುವ ಕರೆಂಟಿಗೆ ಅದು ಅಡ್ಡಿಯಾಗಬಾರದು. ಅದಕ್ಕೇ ಒಳಗೆ ಷಂಟ್ ಎಂಬ ದಪ್ಪ ತಂತಿ ಇಟ್ಟಿರುತ್ತಾರೆ, ರೋಧ ಓಮ್‌ನ ನೂರನೇ ಒಂದು ಭಾಗದಷ್ಟು. ಆ ಸ್ಥಿತಿಯಲ್ಲಿ ಕಡ್ಡಿಗಳನ್ನು ಮರೆತು ಪ್ಲಗ್ ಪಾಯಿಂಟಿಗೆ ಚುಚ್ಚಿದರೆ ನೇರ ಶಾರ್ಟ್ ಸರ್ಕ್ಯೂಟ್. ಲೈನಿನ ರೋಧ ತಡೆದರೂ ನೂರಾರು ಆಂಪಿಯರ್ ನುಗ್ಗಿ ಮೀಟರ್ ಕೈಯಲ್ಲೇ ಸಿಡಿಯಬಹುದು. ಕಡಿಮೆ ಬೆಲೆಯ ಎಷ್ಟೋ ಮೀಟರುಗಳಲ್ಲಿ 10 ಆಂಪಿಯರ್ ತೂತಿಗೆ ಫ್ಯೂಸೇ ಇರುವುದಿಲ್ಲ. ಸರಿಯಾಗಿ ಸರಣಿಯಲ್ಲಿ ಸೇರಿಸಿದರೂ ನಿಮ್ಮ ಕೆಲಸಕ್ಕೆ ಅದು ಆಗದು, ಏಕೆಂದರೆ ನೇರವಾಗಿ ಸ್ಟಾರ್ಟ್ ಆಗುವ ಮೋಟರ್ ಹೊರಡುವ ಗಳಿಗೆಯಲ್ಲಿ ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ನಿಮ್ಮ ಮೋಟರಿಗೆ ಅದು ನಲವತ್ತು ಆಂಪಿಯರ್ ಸುಮಾರು.

ಮಗನಿಗೆ ಕಲಿಸುವ ಆಸೆಯಿದ್ದರೆ ಬ್ಯಾಟರಿ ಸೆಲ್, ಟಾರ್ಚ್ ಬಲ್ಬು ಸಾಕು. ಬಲ್ಬಿನ ಮುಂದೆ ಒಮ್ಮೆ, ಹಿಂದೆ ಒಮ್ಮೆ ಮೀಟರನ್ನು ಸರಣಿಯಲ್ಲಿಟ್ಟು ಅಳೆಯಲಿ. ಎರಡೂ ಕಡೆ ಒಂದೇ ಅಂಕಿ ಬರುವುದನ್ನು ಕಣ್ಣಾರೆ ಕಂಡರೆ ಮುಂದಿನ ಪಾಠ ಸಲೀಸು.

ನಿಮ್ಮ ಮೋಟರಿಗೆ ಟಾಂಗ್ ಟೆಸ್ಟರೇ ಸರಿ, ಅದೂ ಮೆಕ್ಯಾನಿಕ್ ಕೈಯಲ್ಲಿ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕೂಡಲೇ ಯಾರೂ ಮುಟ್ಟದೆ ಮೋಟರ್ ಹೊರಡುತ್ತದೆ, ಪೆಟ್ಟಿಗೆಯ ಬಾಗಿಲು ತೆರೆದುಕೊಂಡು ನಿಲ್ಲುವುದು ಅಪಾಯ. ಬೋರಿನಲ್ಲಿ ನೀರು ಚೆನ್ನಾಗಿರುವಾಗ ಮೂರೂ ಫೇಸಿನ ಆಂಪಿಯರ್ ಅಳೆಸಿ, ಬಾಗಿಲ ಒಳಮೈ ಮೇಲೆ ಬರೆಸಿಡಿ. ಬೇಸಿಗೆಯಲ್ಲಿ ಆ ಅಂಕಿ ಗಣನೀಯವಾಗಿ ಇಳಿದರೆ ಪಂಪು ಎತ್ತುವ ನೀರು ಕಡಿಮೆಯಾಗಿ ಕೆಲಸ ಹಗುರಾಗಿದೆ ಎಂದರ್ಥ. ಡ್ರೈ ರನ್ ತಡೆಯುವ ಸಾಧನಗಳು ಗಮನಿಸುವುದೂ ಸಾಮಾನ್ಯವಾಗಿ ಈ ಇಳಿತವನ್ನೇ. ಒಂದು ಫೇಸ್ ಸೊನ್ನೆಯಾಗಿ ಉಳಿದೆರಡು ಒಂದೂವರೆ ಪಟ್ಟಿಗಿಂತ ಮೇಲೇರಿದರೆ ಅದು ಸಿಂಗಲ್ ಫೇಸಿಂಗ್. ತಕ್ಷಣ ಆಫ್ ಮಾಡಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ, ಆಮೇಲೆ ಪೈಪು ಸಮೇತ ಮೋಟರ್ ಮೇಲೆತ್ತಿಸುವ ಖರ್ಚು ನಿಮ್ಮ ಮೇಲೆ ಬೀಳುತ್ತದೆ.