ಆಶ್ರಮದ ಗೇಟಿನೊಳಗೂ ಹಕ್ಕು ಹಕ್ಕೇ

ಪ್ರಶ್ನೆ: ನಮ್ಮ ದೊಡ್ಡವ್ವನಿಗೆ ಎಪ್ಪತ್ತು ದಾಟಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳ ಮಗ, ನನಗೆ ಅಣ್ಣನಾಗಬೇಕು, ತಿಂಗಳ ಹಣ ಕಟ್ಟಿ ಒಂದು ವೃದ್ಧಾಶ್ರಮಕ್ಕೆ ಸೇರಿಸಿದ್ದಾನೆ. ನೋಡಲು ಹೋದರೆ ‘ಮಗನ ಪರ್ಮಿಷನ್ ಇಲ್ಲದೆ ಬಿಡಲ್ಲ’ ಅನ್ನುತ್ತಾರೆ. ಅವಳ ಫೋನು, ಪಿಂಚಣಿ ಪಾಸ್‌ಬುಕ್ಕು ಎರಡೂ ಆಫೀಸಿನ ಬೀರುವಿನಲ್ಲಿವೆ. ಜಮೀನನ್ನು ಮಗನಿಗೆ ಬರೆದುಕೊಟ್ಟಾಗಿದೆ. ದೊಡ್ಡವ್ವನ ಬುದ್ಧಿ ನೆಟ್ಟಗಿದೆ. ಅಲ್ಲಿರುವವರಿಗೆ ಕಾನೂನಿನಲ್ಲಿ ಏನಾದರೂ ಹಕ್ಕಿದೆಯೆ? ಊರಿಗೆ ಬರುತ್ತೇನೆ ಅಂದರೆ ಕರೆದುಕೊಂಡು ಬರಬಹುದೆ?
— ಓದುಗರೊಬ್ಬರು, ಹನಗೋಡು

ಉತ್ತರ: ಹಕ್ಕಿದೆ. ಹನಗೋಡಿನ ಮನೆಯ ಜಗಲಿಯಲ್ಲಿ ಕೂತಿದ್ದಾಗ ನಿಮ್ಮ ದೊಡ್ಡವ್ವನವರಿಗೆ ಏನೇನು ಹಕ್ಕಿತ್ತೋ ಅಷ್ಟೂ ಆಶ್ರಮದ ಮಂಚದ ಮೇಲೂ ಇದೆ. ಯಾರನ್ನು ನೋಡಬೇಕು, ಯಾರ ಹತ್ತಿರ ಮಾತಾಡಬೇಕು, ಎಲ್ಲಿ ಇರಬೇಕು ಎಂದು ತೀರ್ಮಾನಿಸುವವರು ಅವರೇ. ವಯಸ್ಸಿಗೆ ಬಂದ, ಬುದ್ಧಿ ನೆಟ್ಟಗಿರುವ ಯಾರಿಗೂ ನಮ್ಮ ಕಾನೂನಿನಲ್ಲಿ ಗಾರ್ಡಿಯನ್ ಇರುವುದಿಲ್ಲ. ಸೇರಿಸುವಾಗ ಅರ್ಜಿಯಲ್ಲಿ ‘ಗಾರ್ಡಿಯನ್’ ಎಂದು ಅಚ್ಚಾದ ಕಡೆ ಮಗ ಸಹಿ ಹಾಕಿರಬಹುದು. ಆ ಸಹಿಯಿಂದ ಹಣ ಕಟ್ಟುವ ಹೊಣೆ ಅವರಿಗೆ ಬರುತ್ತದೆ, ತಾಯಿಯ ಮೇಲೆ ಅಧಿಕಾರ ಬರುವುದಿಲ್ಲ.

ಭೇಟಿಗೆ ಹೊತ್ತು ಗೊತ್ತುಮಾಡುವುದು, ರಿಜಿಸ್ಟರಿನಲ್ಲಿ ಹೆಸರು ಬರೆಸುವುದು, ಊಟದ ಸಮಯಕ್ಕೆ ಬರಬೇಡಿ ಅನ್ನುವುದು ಆಡಳಿತದವರಿಗೆ ಬಿಟ್ಟ ವಿಷಯ. ಆದರೆ ‘ನನ್ನ ತಂಗಿ ಮಗನನ್ನು ನೋಡಬೇಕು’ ಎಂದು ದೊಡ್ಡವ್ವನವರೇ ಹೇಳುತ್ತಿರುವಾಗ, ಮಗ ಬೇಡವೆಂದ ಎಂಬ ಕಾರಣಕ್ಕೆ ತಡೆಯುವಂತಿಲ್ಲ. ಹೊರಗೆ ಹೋಗುತ್ತೇನೆ ಅಂದವರನ್ನು ಬೀಗ ಹಾಕಿ ಕೂಡಿಟ್ಟರಂತೂ ಅದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ ಪ್ರಕಾರ ಅಕ್ರಮ ಬಂಧನ, ಅಂದರೆ ಅಪರಾಧ. ಹಾಗೆ ಕೂಡಿಟ್ಟಿದ್ದಾರೆ ಎಂದು ನಂಬಲು ಕಾರಣವಿದ್ದರೆ ಆ ಜಾಗದ ಉಪವಿಭಾಗಾಧಿಕಾರಿಯವರು, ನಮ್ಮ ಜನ ಎಸಿ ಸಾಹೇಬರು ಅನ್ನುತ್ತೇವಲ್ಲ ಅವರು, ಮ್ಯಾಜಿಸ್ಟ್ರೇಟರಾಗಿ ಸರ್ಚ್ ವಾರಂಟ್ ಕೊಟ್ಟು ಪೊಲೀಸರನ್ನು ಕಳಿಸಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 100ನೇ ಕಲಂ ಅವರಿಗೆ ಆ ಅಧಿಕಾರ ಕೊಟ್ಟಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಫೋನಿನ ವಿಷಯಕ್ಕೆ ಬರೋಣ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಬಂದದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರಿಂದ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಈ ದೇಶದಲ್ಲಿ ಎಲ್ಲರ ಖಾಸಗಿತನಕ್ಕೂ ನೆಲೆ ಕಲ್ಪಿಸಿದವರು ಎಂಬತ್ತು ದಾಟಿದ ಒಬ್ಬ ಕನ್ನಡಿಗ ಅಜ್ಜ. ಹಾಗಿರುವಾಗ ಎಪ್ಪತ್ತು ದಾಟಿದ ಹೆಂಗಸಿನ ಫೋನನ್ನು ಬೀರುವಿನಲ್ಲಿಟ್ಟು, ಬಂದ ಕರೆಯನ್ನು ಮ್ಯಾನೇಜರ್ ಎತ್ತಿ ಮಾತಾಡುವುದನ್ನು ನಾವು ‘ಅವರ ಒಳ್ಳೆಯದಕ್ಕೇ’ ಎಂದು ಒಪ್ಪಿಕೊಳ್ಳಬಾರದು. ಬಟ್ಟೆ ಬದಲಿಸಲು ಮರೆ, ಸಾಮಾನಿಡಲು ಬೀಗವಿರುವ ಒಂದು ಪೆಟ್ಟಿಗೆ, ಬಂದವರ ಜೊತೆ ಸಿಬ್ಬಂದಿ ಪಕ್ಕದಲ್ಲಿ ನಿಲ್ಲದೆ ಹತ್ತು ನಿಮಿಷ ಮಾತು, ಇವೆಲ್ಲ ಅದೇ ಹಕ್ಕಿನೊಳಗೆ ಬರುತ್ತವೆ.

ಪಾಸ್‌ಬುಕ್ಕು ಇನ್ನೂ ಗಂಭೀರ. ಸಂಧ್ಯಾ ಸುರಕ್ಷಾ ಆಗಲಿ, ವಿಧವಾ ವೇತನವಾಗಲಿ, ಗೃಹಲಕ್ಷ್ಮಿ ಹಣವಾಗಲಿ ಬೀಳುವುದು ಅವರ ಖಾತೆಗೆ. ಆ ಹಣ ಅವರದು. ಮಗ ತಿಂಗಳಿಗೆ ಇಷ್ಟು ಅಂತ ಕಟ್ಟುತ್ತಿರುವಾಗ ಪಿಂಚಣಿಯನ್ನೂ ಆಶ್ರಮ ತೆಗೆದುಕೊಳ್ಳುತ್ತಿದ್ದರೆ ಯಾವ ಬಾಬ್ತಿಗೆ ಎಂದು ಲೆಕ್ಕ ಕೇಳಿ. ಜೋಪಾನಕ್ಕೆಂದು ಇಟ್ಟುಕೊಂಡಿದ್ದರೆ ರಸೀದಿ ಇರಬೇಕು, ಕೇಳಿದ ಕೂಡಲೇ ವಾಪಸ್ ಕೊಡಬೇಕು. ಎಟಿಎಂ ಕಾರ್ಡಿನ ಪಿನ್ ಇನ್ನೊಬ್ಬರಿಗೆ ಗೊತ್ತಾಗಿದ್ದರೆ ಬ್ಯಾಂಕಿಗೆ ಹೋಗಿ ಬದಲಿಸಿ. ಪಾಸ್‌ಬುಕ್ಕು ಎಂಟ್ರಿ ಮಾಡಿಸಿದರೆ ಹಣ ಯಾವ ತಾರೀಕು ಎಲ್ಲಿ ತೆಗೆದರು ಎಂಬುದು ಒಂದೇ ಪುಟದಲ್ಲಿ ಕಾಣುತ್ತದೆ. ದೂರು ಕೊಡುವಾಗ ಇದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಕಿಲ್ಲ.

ಈಗ ನೀವು ಮಾಡಬೇಕಾದ ಒಂದು ಕೆಲಸ: ಸೇರ್ಪಡೆ ಅರ್ಜಿಯ ಪ್ರತಿ ಕೇಳಿ. ಇಂಥ ಅರ್ಜಿಗಳಲ್ಲಿ ಮುಂದಿನ ಪುಟದಲ್ಲಿ ಫೋಟೊ, ಆಧಾರ್ ನಂಬರು, ಕಾಯಿಲೆಗಳ ಪಟ್ಟಿ. ಹಿಂದಿನ ಪುಟದಲ್ಲಿ ಸಣ್ಣ ಅಕ್ಷರದ ಷರತ್ತುಗಳು. ಅದೂ ಬಹಳ ಸಲ ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡ ಮಾತ್ರ ಓದಬಲ್ಲವರ ಹೆಬ್ಬೆಟ್ಟು. ‘ಏನೇ ಅನಾಹುತವಾದರೂ ಸಂಸ್ಥೆ ಜವಾಬ್ದಾರಿಯಲ್ಲ’, ‘ಕಾರಣ ಹೇಳದೆ ಯಾವಾಗ ಬೇಕಾದರೂ ಹೊರಗೆ ಕಳಿಸಬಹುದು’, ‘ಠೇವಣಿ ಹಿಂದಿರುಗಿಸುವುದಿಲ್ಲ’ ಎಂಬ ಸಾಲುಗಳಿವೆಯೇ ನೋಡಿ. ಹಾಗೆ ಬರೆದುಕೊಂಡ ಮಾತ್ರಕ್ಕೆ ಅದು ಕಾನೂನಾಗದು. ಹಣ ಪಡೆದು ಸೇವೆ ಕೊಡುವ ಆಶ್ರಮದ ವಿರುದ್ಧ ಗ್ರಾಹಕರಾಗಿ ದೂರು ಕೊಡಬಹುದು, ಏಕಪಕ್ಷೀಯ ಕರಾರನ್ನು ಪ್ರಶ್ನಿಸಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿಯಿದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವೂ ಇಲ್ಲ. ಧರ್ಮಾರ್ಥವಾಗಿ, ಒಂದು ಪೈಸೆ ಪಡೆಯದೆ ನೋಡಿಕೊಳ್ಳುವ ಆಶ್ರಮಗಳಿಗೆ ಈ ದಾರಿ ಹೊಂದುವುದಿಲ್ಲ.

ನಿಮ್ಮ ದೊಡ್ಡವ್ವನವರ ಬುದ್ಧಿ ನೆಟ್ಟಗಿದೆ ಅಂದಿರಿ, ಸಂತೋಷ. ಮರೆವಿನ ಕಾಯಿಲೆ ಬಂದವರ ಪಾಡು ಬೇರೆ. ಎದ್ದು ಓಡುತ್ತಾರೆ ಎಂದು ಮಂಚಕ್ಕೆ ಕಟ್ಟುವುದು, ಹೇನಾಗುತ್ತದೆ ಎಂದು ಹೆಂಗಸರ ತಲೆ ಬೋಳಿಸುವುದು, ‘ಸುಮ್ಮನೆ ಕೂತಿರುತ್ತಾಳಲ್ಲ’ ಎಂದು ರಾಶಿ ಸೊಪ್ಪು ಸೋಸಲು ಕೂರಿಸುವುದು, ಇವಕ್ಕೆಲ್ಲ ಅನುಕೂಲವೇ ಕಾರಣ, ಆರೈಕೆಯಲ್ಲ. ಮನಸ್ಸಿನ ಕಾಯಿಲೆಯವರನ್ನು ಇಟ್ಟುಕೊಳ್ಳುವ ಸಂಸ್ಥೆಗಳಿಗೆ ಅನ್ವಯಿಸುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಬಲವಂತವಾಗಿ ತಲೆ ಬೋಳಿಸಬಾರದು, ಬಲವಂತವಾಗಿ ಕೆಲಸ ಮಾಡಿಸಬಾರದು, ಸ್ವಂತ ಬಟ್ಟೆ ಉಡಲು ಬಿಡಬೇಕು ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ವಿವೇಕ ಕುಂದಿದವರಿಗೇ ಇಷ್ಟು ರಕ್ಷಣೆಯಿದ್ದ ಮೇಲೆ ಉಳಿದವರಿಗೆ ಕಡಿಮೆ ಇರುವುದುಂಟೆ?

ಒಂದು ಕೊರತೆಯನ್ನು ಮುಚ್ಚಿಡಬಾರದು. ಆಶ್ರಮವಾಸಿಗಳ ಹಕ್ಕುಗಳನ್ನೇ ಒಂದೊಂದಾಗಿ ಬರೆದಿಟ್ಟ ಕೇಂದ್ರ ಕಾನೂನು ನಮ್ಮಲ್ಲಿಲ್ಲ. ಅಮೆರಿಕದಲ್ಲಿ 1987ರಲ್ಲೇ ಅಂಥ ಕಾನೂನು ಬಂತು. ಅಲ್ಲಿ ಸಾಮಾನ್ಯವಾಗಿ 30 ದಿನ ಮೊದಲೇ ಲಿಖಿತ ನೋಟಿಸ್ ಕೊಡದೆ ನಿವಾಸಿಯನ್ನು ಹೊರಗೆ ಕಳಿಸುವಂತಿಲ್ಲ, ಸಿಬ್ಬಂದಿಯ ಅನುಕೂಲಕ್ಕಾಗಿ ಕಟ್ಟಿಹಾಕುವಂತಿಲ್ಲ. ನಮ್ಮಲ್ಲಿ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದ, ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ ತಿದ್ದುಪಡಿ ಮಸೂದೆಯಲ್ಲಿ ಹಿರಿಯರ ಆಶ್ರಮಗಳೆಲ್ಲ ನೋಂದಣಿಯಾಗಬೇಕು, ಕನಿಷ್ಠ ಗುಣಮಟ್ಟ ಪಾಲಿಸಬೇಕು ಎಂದಿತ್ತು. ಪಾಸಾಗದೆ 2024ರಲ್ಲಿ ಲೋಕಸಭೆಯ ಅವಧಿಯೊಂದಿಗೇ ಅದೂ ಮುಗಿಯಿತು. ಯಾವ ಗದ್ದಲವೂ ಆಗಲಿಲ್ಲ. ಇದು ನನಗೆ ನೋವಿನ ಸಂಗತಿ. ಓಟಿಗೆಂದು ಹಿರಿಯರ ಮನೆಬಾಗಿಲಿಗೇ ಮತಪತ್ರ ಒಯ್ಯುವ ವ್ಯವಸ್ಥೆ ಮಾಡಿಕೊಂಡ ದೇಶಕ್ಕೆ ಅವರು ಮಲಗುವ ಕೋಣೆಯ ಮಟ್ಟ ನಿಗದಿ ಮಾಡುವುದು ಕಷ್ಟವೇನಲ್ಲ.

ಇರುವುದರಲ್ಲಿ ದೊಡ್ಡ ಆಸರೆ ತಂದೆ ತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ. ಕರ್ನಾಟಕದಲ್ಲಿ ಇದು 2008ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಡ ಹಿರಿಯರಿಗಾಗಿ ಜಿಲ್ಲೆಗೆ ಕನಿಷ್ಠ ಒಂದು, 150 ಜನ ಹಿಡಿಸುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದು ಅದರ 19ನೇ ಕಲಂ ಹೇಳುತ್ತದೆ. ಈ ಕಾಯ್ದೆಯ ನ್ಯಾಯಮಂಡಳಿ ನಿಮಗೆ ದೂರವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಭಾಗದವರಿಗೆ ಹುಣಸೂರಿನ ಎಸಿ ಕಚೇರಿಯೇ ಆ ಕೋರ್ಟು. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೆ ಸಾಕು, ವಕೀಲರೇ ಬೇಕೆಂದಿಲ್ಲ. ದೊಡ್ಡವ್ವನವರಿಗೆ ಓಡಾಡಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಇನ್ನೊಬ್ಬರು, ಅಂದರೆ ನೀವೇ, ಅರ್ಜಿ ಕೊಡಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವ ಅಧಿಕಾರ ಎಸಿಯವರಿಗಿದೆ. ನೋಟಿಸ್ ಹೋದ 90 ದಿನದಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನು 30 ದಿನ. ಆದೇಶ ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಮೈಸೂರಿನಲ್ಲಿ ಜಿಲ್ಲಾಧಿಕಾರಿಯವರಿಗೆ ಮೇಲ್ಮನವಿ.

ಜಮೀನಿನ ಮಾತು. ನಿಮ್ಮ ಕಡೆ ಹೊಗೆಸೊಪ್ಪಿನ ಬೇಸಾಯದಲ್ಲಿ ಬ್ಯಾರನ್ ಲೈಸೆನ್ಸು, ಸಾಲ, ಪಹಣಿ ಎಲ್ಲ ಒಂದೇ ಹೆಸರಲ್ಲಿದ್ದರೆ ಅನುಕೂಲ ಎಂದು ವಯಸ್ಸಾದವರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ದಾನಪತ್ರ ಬರೆದುಬಿಡುತ್ತಾರೆ. ‘ನೋಡ್ಕೊಳ್ದೆ ಎಲ್ಲಿಗೋಯ್ತಾನೆ’ ಎಂಬ ನಂಬಿಕೆ. ಕಾಯ್ದೆಯ 23ನೇ ಕಲಂ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಿ ವಾಪಸ್ ಪಡೆಯಬಹುದು. ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿ 2ರಂದು ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟು, ಇದು ಹಿರಿಯರ ಹಿತಕ್ಕಾಗಿ ಬಂದ ಕಾನೂನು, ಉದಾರವಾಗಿ ಓದಬೇಕು ಎಂದು ಹೇಳಿ ತಾಯಿಗೆ ಆಸ್ತಿ ಹಿಂದಿರುಗಿಸಿತು. ಅಲ್ಲಿ ಮಗ ‘ಕೊನೆತನಕ ನೋಡಿಕೊಳ್ಳುತ್ತೇನೆ’ ಎಂದು ಬೇರೊಂದು ಪತ್ರ ಬರೆದುಕೊಟ್ಟಿದ್ದ. ಆದ್ದರಿಂದ ನಿಮ್ಮ ದೊಡ್ಡವ್ವನವರ ಪತ್ರದ ದೃಢೀಕೃತ ನಕಲು ತೆಗೆಸಿ, ಅದರೊಂದಿಗೆ ಬೇರೆ ಕರಾರು ಆಗಿತ್ತೇ ಹುಡುಕಿ. ಅದು ಉಯಿಲಾಗಿದ್ದರೆ ಚಿಂತೆಯೇ ಇಲ್ಲ, ಬದುಕಿರುವಷ್ಟು ದಿನವೂ ಅವರು ಬದಲಿಸಬಹುದು.

ನಿಮ್ಮ ಅಣ್ಣನವರ ಕಡೆಯಿಂದಲೂ ಒಂದು ಮಾತು. ಹಣ ಕಟ್ಟಿ ಆಶ್ರಮದಲ್ಲಿ ಇಟ್ಟಿರುವುದೇ ಅಪರಾಧವಲ್ಲ. ಹಿರಿಯರನ್ನು ಪೂರ್ತಿ ಕೈಬಿಡುವ ಉದ್ದೇಶದಿಂದ ಎಲ್ಲೋ ಬಿಟ್ಟುಹೋದರೆ ಮಾತ್ರ 24ನೇ ಕಲಂ ಬರುತ್ತದೆ: 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಆದ್ದರಿಂದ ಮೊದಲು ಅವರೊಂದಿಗೆ ಕೂತು ಮಾತಾಡಿ. ಕಾಯ್ದೆಯೂ ಮೊದಲು ರಾಜಿ ಸಂಧಾನಕ್ಕೆ ಅವಕಾಶ ಇಟ್ಟಿದೆ.

ನಿಮ್ಮ ಸುತ್ತಲಿನ ಇನ್ನಿಬ್ಬರ ವಿಷಯವನ್ನೂ ಹೇಳಬೇಕು. ಹನಗೋಡು ಸುತ್ತಿನ ಹಾಡಿಗಳ ಜೇನುಕುರುಬ ಅಜ್ಜ ಅಜ್ಜಿಯರಿಗೆ, ಪರಿಶಿಷ್ಟ ಪಂಗಡದವರಾದ್ದರಿಂದ, ಆದಾಯ ಎಷ್ಟೆಂದು ಕೇಳದೆ ಉಚಿತ ಕಾನೂನು ನೆರವು ಸಿಗಬೇಕು. ಯಾವ ಜಾತಿಯ ಹೆಂಗಸಾದರೂ ಇದೇ ನಿಯಮ, ನಿಮ್ಮ ದೊಡ್ಡವ್ವನವರಿಗೂ ಇದು ಅನ್ವಯ. ಬೈಲಕುಪ್ಪೆಯ ವೃದ್ಧಾಶ್ರಮದಲ್ಲಿರುವ ಟಿಬೆಟನ್ ಹಿರಿಯರು ಭಾರತದ ನಾಗರಿಕರಲ್ಲದಿರಬಹುದು. ಆದರೆ ಸಂವಿಧಾನದ 21ನೇ ವಿಧಿ ಜೀವ ಮತ್ತು ಸ್ವಾತಂತ್ರ್ಯದ ರಕ್ಷಣೆಯನ್ನು ನಾಗರಿಕರಿಗಷ್ಟೇ ಅಲ್ಲ, ಈ ನೆಲದ ಮೇಲಿರುವ ಯಾವ ವ್ಯಕ್ತಿಗಾದರೂ ಕೊಟ್ಟಿದೆ.

ಇನ್ನು ಕೊನೆಯ ಪ್ರಶ್ನೆ, ಕರೆದುಕೊಂಡು ಬರಬಹುದೆ? ಅವರು ಮನಸಾರೆ ಬರುತ್ತೇನೆ ಅಂದರೆ ಬರಬಹುದು. ನೀವು ಬಾ ಅಂದಿರೆಂದು ಅಲ್ಲ, ಅವರಿಗೆ ಬೇಕೆಂದು. ಅದನ್ನು ಅವರಿಂದಲೇ ಕೇಳಿ, ಮೂರನೆಯವರೊಬ್ಬರ ಎದುರು. ‘ನನ್ನ ಇಚ್ಛೆಯಿಂದ ಇಂಥವರ ಮನೆಗೆ ಹೋಗುತ್ತಿದ್ದೇನೆ’ ಎಂದು ಅವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಪತ್ರ ಎರಡು ಪ್ರತಿ ಇರಲಿ, ಒಂದಕ್ಕೆ ಆಡಳಿತದವರಿಂದ ಸ್ವೀಕೃತಿ ಪಡೆಯಿರಿ. ಮಾತ್ರೆಗಳ ಚೀಟಿ, ಆಧಾರ್, ಪಾಸ್‌ಬುಕ್ಕು, ಫೋನು ಕೇಳಿ ಪಡೆಯಿರಿ. ಗೇಟಿನಲ್ಲಿ ತಡೆದರೆ ಜಗಳಕ್ಕೆ ನಿಲ್ಲದೆ 112ಕ್ಕೆ ಕರೆ ಮಾಡಿ. ಸಲಹೆಗೆ ಹಿರಿಯರ ಸಹಾಯವಾಣಿ 14567 ಇದೆ, ಕಾನೂನು ನೆರವಿಗೆ 15100, ಇಲ್ಲವೇ ನೇರ ಹುಣಸೂರು ಕೋರ್ಟಿನ ಆವರಣದ ತಾಲ್ಲೂಕು ಕಾನೂನು ಸೇವಾ ಸಮಿತಿ. ಎಸಿ ಕಚೇರಿಗೆ ಅರ್ಜಿ ಕೊಟ್ಟಾಗ ಸೀಲು, ತಾರೀಕು ಹಾಕಿಸಿದ ಪ್ರತಿಯನ್ನು ಕೈಗೆ ತೆಗೆದುಕೊಳ್ಳದೆ ಕೌಂಟರಿನಿಂದ ಕದಲಬೇಡಿ. 90 ದಿನದ ಲೆಕ್ಕ ಕೇಳಲು ಆಮೇಲೆ ಅದೇ ಬೇಕು.