ಸೌದೆ ಕೊಯ್ಯುವ ಚೈನಿಗೆ ಅರ ಹಾಕುವುದು ಹೇಗೆ?

ಮರ ಕೊಯ್ಯುವ ಮಿಷನ್, ಅಂದರೆ ಚೈನ್‌ಸಾ, ಈಗ ನಮ್ಮ ಕರಾವಳಿ-ಮಲೆನಾಡಿನಲ್ಲಿ ಹೊಸತಲ್ಲ. ಊರಲ್ಲಿ ನಾಲ್ಕಾರು ಮನೆಗಳಲ್ಲಿ ಉಂಟು. ಇಲ್ಲದವರು ಗಂಟೆ ಲೆಕ್ಕದಲ್ಲಿ ತರಿಸುತ್ತಾರೆ. ಪತ್ತನಾಜೆಯ ಒಳಗೆ ಬಚ್ಚಲ ಒಲೆಗೆ, ರಬ್ಬರ್ ಶೀಟಿನ ಹೊಗೆಮನೆಗೆ, ಅಡಿಕೆ ಬೇಯಿಸುವವರಿಗೆ ಹಂಡೆಯ ಬುಡಕ್ಕೆ ಆಗುವಷ್ಟು ಸೌದೆ ಕೊಟ್ಟಿಗೆ ಸೇರಬೇಕಲ್ಲ. ಕೊಡಲಿ ಹಿಡಿಯುವ ಆಳು ಸಿಗುವುದಿಲ್ಲ.

ಮಿಷನ್ ಕೊಂಡವರ ಬಾಯಲ್ಲಿ ವರ್ಷದೊಳಗೆ ಬರುವ ಮಾತು ಒಂದೇ. ‘ಹೊಸತಿರುವಾಗ ಬಾಳೆದಿಂಡು ಕೊಯ್ದ ಹಾಗೆ ಹೋಗ್ತಿತ್ತು ಮಾರಾಯ್ರೆ, ಈಗ ಎಂಜಿನಿಗೆ ಶಕ್ತಿಯೇ ಇಲ್ಲ.’ ಪೇಟೆಗೆ ಒಯ್ದು ಪ್ಲಗ್ ಬದಲಿಸುತ್ತಾರೆ, ಕಾರ್ಬೊರೇಟರ್ ಬಿಚ್ಚಿಸುತ್ತಾರೆ. ಎಂಜಿನ್ ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ. ಮೊಂಡಾದದ್ದು ಚೈನು. ಮನೆಯ ಕತ್ತಿಯನ್ನು ದಿನಾ ಮಸೆಯುವ ನಾವು, ಚೈನನ್ನು ಮಾತ್ರ ತಿಂಗಳುಗಟ್ಟಲೆ ಹಾಗೆಯೇ ಓಡಿಸುತ್ತೇವೆ.

ಇದು ಬರೇ ಪೆಟ್ರೋಲಿನ ಪ್ರಶ್ನೆಯಲ್ಲ. ಹರಿತದ ಚೈನು ತಾನಾಗಿ ಮರದೊಳಗೆ ಇಳಿಯುತ್ತದೆ. ಮೊಂಡು ಚೈನನ್ನು ನಾವು ಒತ್ತಬೇಕಾಗುತ್ತದೆ. ಮೈಭಾರ ಹಾಕಿ ಒತ್ತುತ್ತಿರುವಾಗ ತುಂಡು ಕಡಿದು ಬಿತ್ತೆಂದರೆ ಮಿಷನ್ ಅದೇ ವೇಗದಲ್ಲಿ ಕೆಳಗೆ ಬರುತ್ತದೆ, ಕಾಲಿನ ಕಡೆಗೆ. ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತಿರುತ್ತದೆ. ಲುಂಗಿ, ಹವಾಯಿ ಚಪ್ಪಲಿಯಲ್ಲಿ ಕೊಯ್ಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಹುಳ ಕಲಿಸಿದ ಹಲ್ಲು

ಚೈನಿನ ಹಲ್ಲು ಕೈಗರಗಸದ ಹಲ್ಲಿನಂತಲ್ಲ. ಮೊದಲು ಹಾಗೆಯೇ ಇತ್ತು. ಮರವನ್ನು ಗೀಚಿ ಗೀಚಿ ಹುಡಿ ಮಾಡುವ ಹಲ್ಲುಗಳು, ಬೇಗ ಮೊಂಡಾಗುವಂಥವು. ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಮರ ಕಡಿಯುತ್ತಿದ್ದ ಜೋಸೆಫ್ ಕಾಕ್ಸ್ ಎಂಬವರು 1946ರಲ್ಲಿ ಒಂದು ಮರದ ಬುಡದಲ್ಲಿ ದುಂಬಿಯ ಹುಳ ಕೊರೆಯುವುದನ್ನು ಕಂಡರು. ಹುಳದ ಎರಡು ದವಡೆಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕತ್ತರಿಸುತ್ತ, ಮರದ ನಾರು ಅಡ್ಡ ಇರಲಿ ಉದ್ದ ಇರಲಿ, ಸಲೀಸಾಗಿ ಮುಂದೆ ಹೋಗುತ್ತಿದ್ದವು. ಅದನ್ನೇ ಉಕ್ಕಿನಲ್ಲಿ ಮಾಡಿ, ಒಂದು ಎಡ ಹಲ್ಲು ಒಂದು ಬಲ ಹಲ್ಲಿನ ಚೈನನ್ನು 1947ರಿಂದ ಮಾರತೊಡಗಿದರು. ಇಂದಿಗೂ ನಾವು ಬಳಸುವುದು ಅದರದ್ದೇ ಸುಧಾರಿತ ರೂಪ. ನಮ್ಮ ಗೇರುಮರದ ಬುಡ ಕೊರೆದು ಒಣಗಿಸುವ ಹುಳವೂ ಅದೇ ಉದ್ದ ಮೀಸೆಯ ದುಂಬಿಗಳ ಕುಲದ್ದು. ಶತ್ರುವಿನಿಂದಲೂ ಎಂತಾದರೂ ಸಿಕ್ಕಿತಲ್ಲ!

ಒಂದೊಂದು ಹಲ್ಲನ್ನೂ ಬಡಗಿಯ ಕೀಸುಳಿ ಎಂದು ತಿಳಿಯಿರಿ. ಹಿಂದೆ ಕೊಯ್ಯುವ ಅಂಚು, ಎದುರಿಗೆ ಒಂದು ಗಿಡ್ಡ ಮೂಗು. ಈ ಮೂಗಿಗೆ ಮೆಕ್ಯಾನಿಕರು ಡೆಪ್ತ್ ಗೇಜ್, ರೇಕರ್ ಅಂತೆಲ್ಲ ಹೇಳುತ್ತಾರೆ. ಕೀಸುಳಿಯ ಅಲಗು ಮರದ ಹಲಗೆಯಿಂದ ಎಷ್ಟು ಹೊರಗೆ ಚಾಚಿದೆಯೋ ಅಷ್ಟೇ ದಪ್ಪದ ಸಿಪ್ಪೆ ಏಳುತ್ತದೆ. ಇಲ್ಲಿ ಮೂಗು ಅಂಚಿಗಿಂತ ಎಷ್ಟು ತಗ್ಗಿದೆಯೋ ಅಷ್ಟು. ಇಷ್ಟು ಅರ್ಥವಾದರೆ ಅರ ಹಾಕುವ ಕೆಲಸ ಅರ್ಧ ಬಂದಂತೆ.

ಹೊಟ್ಟು ನೋಡಿ ಹೇಳಬಹುದು

ಹರಿತದ ಚೈನು ಅಕ್ಕಿಕಾಳಿನಷ್ಟು ದೊಡ್ಡ ಚಕ್ಕೆ ಎಸೆಯುತ್ತದೆ. ಹಿಟ್ಟಿನಂಥ ಹುಡಿ ಬಂದರೆ ಮೊಂಡಾಗಿದೆ. ಎಣ್ಣೆ ಸರಿಯಾಗಿ ಬರುತ್ತಿದ್ದೂ ಕೊಯ್ದಲ್ಲಿ ಹೊಗೆ ಎದ್ದರೆ ತೀರಾ ಮೊಂಡಾಗಿದೆ. ಕೊಯ್ಲು ಒಂದು ಬದಿಗೆ ವಾಲಿಕೊಂಡು ಹೋದರೆ ಎಡ ಹಲ್ಲಿಗೂ ಬಲ ಹಲ್ಲಿಗೂ ಉದ್ದದಲ್ಲೋ ಹರಿತದಲ್ಲೋ ವ್ಯತ್ಯಾಸ ಉಂಟು. ಒಂದು ಬದಿಯ ಹಲ್ಲುಗಳು ಕಲ್ಲಿಗೆ ತಾಗಿದರೂ ಹೀಗಾಗುತ್ತದೆ.

ಬಾಡಿಗೆಗೆ ತರಿಸುವವರಿಗೂ ಈ ಲಕ್ಷಣ ಗೊತ್ತಿರಬೇಕು. ಗಂಟೆ ಲೆಕ್ಕದ ಕೆಲಸ. ಹುಡಿ ಹಾರಿಸುತ್ತ ಒಂದು ಹಲಸಿನ ದಿಮ್ಮಿಗೆ ಅರ್ಧ ದಿನ ಕಳೆದರೆ ಕೊಡುವವರು ನಾವು. ಸುರು ಮಾಡುವ ಮೊದಲು ಮಿಷನ್ ಬಂದ್ ಇರುವಾಗಲೇ ಹಲ್ಲಿನ ಅಂಚನ್ನು ಬಿಸಿಲಿಗೆ ಹಿಡಿದು ನೋಡಿ. ಮೊಂಡಾದ ಅಂಚಿನಲ್ಲಿ ಬೆಳಕಿನ ಸಣ್ಣ ಗೆರೆ ಮಿಂಚುತ್ತದೆ. ಹರಿತದ ಅಂಚಿನಲ್ಲಿ ಮಿಂಚಲು ಜಾಗವೇ ಇರುವುದಿಲ್ಲ. ‘ಅಣ್ಣ, ಎರಡು ಅರ ಹಾಕಿಯೇ ಸುರು ಮಾಡುವ’ ಎಂದು ನಯವಾಗಿ ಹೇಳಿದರೆ ಒಳ್ಳೆಯ ಕೆಲಸಗಾರ ಬೇಜಾರು ಮಾಡಿಕೊಳ್ಳಲಾರ.

ಅರ ಯಾವುದು?

ಉರುಟು ಅರ ಬೇಕು, ಅದೂ ಚೈನಿಗೆ ಸರಿಯಾದ ದಪ್ಪದ್ದು. ಇಲ್ಲಿಯೇ ಹಲವರಿಗೆ ತಪ್ಪುವುದು. ಚೈನಿನ ‘ಪಿಚ್’ ನೋಡಿಕೊಳ್ಳಿ. ಬಾರಿನ ಬುಡದಲ್ಲಿ ಹೆಚ್ಚಾಗಿ ಕೆತ್ತಿರುತ್ತದೆ. ಅಳಿಸಿ ಹೋಗಿದ್ದರೆ ಸಾಲಾಗಿ ಮೂರು ರಿವೆಟ್‌ಗಳಲ್ಲಿ ಮೊದಲನೆಯದರ ನಡುವಿನಿಂದ ಮೂರನೆಯದರ ನಡುವಿಗೆ ಅಳೆದು ಅರ್ಧ ಮಾಡಿ. ಒಟ್ಟು 16.5 ಮಿ.ಮೀ. ಬಂದರೆ ಅದು 0.325 ಇಂಚಿನದ್ದು. ಸುಮಾರು 19 ಮಿ.ಮೀ. ಇದ್ದರೆ 3/8 ಇಂಚಿನದ್ದು.

0.325ಕ್ಕೆ 4.8 ಮಿ.ಮೀ. ಅರ. ಸಣ್ಣ ಮಿಷನ್‌ಗಳ ಗಿಡ್ಡ ಹಲ್ಲಿನ 3/8 ಚೈನಿಗೆ (ಲೋ ಪ್ರೊಫೈಲ್ ಎನ್ನುತ್ತಾರೆ) 4 ಮಿ.ಮೀ. ದೊಡ್ಡ ಮಿಷನಿನ 3/8 ಚೈನಿಗೆ ಕಂಪೆನಿ ನೋಡಿಕೊಂಡು 5.2 ಅಥವಾ 5.5 ಮಿ.ಮೀ. ಸಪುರ ಅರ ಹಾಕಿದರೆ ಅಂಚು ಕೊಕ್ಕೆಯ ಹಾಗೆ ಒಳಗೆ ಬಾಗಿ ಬೇಗ ಮುರುಟುತ್ತದೆ. ದಪ್ಪ ಅರ ಹಾಕಿದರೆ ಅಂಚು ನೆಟ್ಟಗಾಗಿ ಮರಕ್ಕೆ ಕಚ್ಚುವುದೇ ಇಲ್ಲ. ಸರಿಯಾದ ಅರವನ್ನು ಹಲ್ಲಿನಲ್ಲಿ ಇಟ್ಟಾಗ ಅದರ ದಪ್ಪದ ಐದರಲ್ಲೊಂದು ಪಾಲು ಹಲ್ಲಿನ ಮೇಲೆ ಕಾಣುತ್ತಿರಬೇಕು. ಈ ಎತ್ತರ ತಾನಾಗಿ ಹಿಡಿಯುವ ಗೈಡ್ ಸಮೇತ ಅರ ಸಿಗುತ್ತದೆ. ಹೊಸಬರು ಅದನ್ನೇ ಕೊಳ್ಳುವುದು ವಾಸಿ.

ಕೈ ಹೇಗೆ ಹೋಗಬೇಕು

ವೈಸ್ ಇಲ್ಲದಿದ್ದರೆ ಚಿಂತೆಯಿಲ್ಲ. ಒಂದು ದಿಮ್ಮಿಗೆ ಮಿಷನಿನಲ್ಲೇ ಎರಡು ಇಂಚು ಕೊಯ್ದು, ಮಿಷನ್ ಬಂದ್ ಮಾಡಿ, ಬಾರನ್ನು ಆ ಸೀಳಿನಲ್ಲಿ ಇಳಿಸಿ ಬೆಣೆ ಹೊಡೆಯಿರಿ. ತೋಟದಲ್ಲಿ ಇಷ್ಟೇ ಸಾಕು. ಚೈನನ್ನು ಸ್ವಲ್ಪ ಬಿಗಿ ಮಾಡಿ, ಅಲ್ಲಾಡುವ ಹಲ್ಲಿಗೆ ಅರ ಸರಿ ಕೂರುವುದಿಲ್ಲ. ಚೈನು ಮುಂದೆ ಎಳೆಯುವಾಗ ಕೈಗೆ ಗ್ಲೌಸ್ ಇರಲಿ.

ಹೆಚ್ಚಿನ ಚೈನುಗಳಿಗೆ 30 ಡಿಗ್ರಿ ಕೋನ. ಹಲ್ಲಿನ ತಲೆಯ ಮೇಲೆ ಕಂಪೆನಿಯವರೇ ಒಂದು ಓರೆ ಗೆರೆ ಹಾಕಿರುತ್ತಾರೆ, ಅದಕ್ಕೆ ಸಮನಾಗಿ ಅರ ಹಿಡಿದರಾಯಿತು. ಅರ ಹಲ್ಲಿನ ಒಳಗಿನಿಂದ ಹೊರಕ್ಕೆ ಹೋಗಬೇಕು. ಮುಂದಕ್ಕೆ ದೂಡುವಾಗ ಮಾತ್ರ ಒತ್ತು. ಹಿಂದೆ ತರುವಾಗ ಎತ್ತಿಕೊಂಡು ಬನ್ನಿ. ಗರಗಸ ಎಳೆದ ಹಾಗೆ ಹಿಂದೆ-ಮುಂದೆ ಉಜ್ಜಿದರೆ ಹಲ್ಲೂ ಹಾಳು, ಅರವೂ ಹಾಳು. ಒಂದು ಬದಿಯ ಹಲ್ಲುಗಳನ್ನೆಲ್ಲ ಮುಗಿಸಿ ಆಮೇಲೆ ಆಚೆ ಬದಿಗೆ ಹೋಗಿ. ಎಲ್ಲಿಂದ ಸುರು ಮಾಡಿದ್ದೆಂದು ಮರೆಯದಂತೆ ಮೊದಲ ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ.

ಪ್ರತಿ ಹಲ್ಲಿಗೂ ಎರಡೋ ಮೂರೋ ಸಲ ಅರ ಹಾಕಿದರೆ ಸಾಕು. ಎಲ್ಲದಕ್ಕೂ ಅಷ್ಟೇ ಲೆಕ್ಕ. ಬಲಗೈಯವರಿಗೆ ಒಂದು ಬದಿಗೆ ಒತ್ತು ಹೆಚ್ಚು ಬೀಳುತ್ತದೆ. ಕೊಯ್ಲು ವಾಲುವುದಕ್ಕೆ ಅದೇ ಮುಖ್ಯ ಕಾರಣ. ಕಲ್ಲಿಗೆ ತಾಗಿ ಒಂದೆರಡು ಹಲ್ಲು ತೀರಾ ಕೆಟ್ಟಿದ್ದರೆ ಅವುಗಳ ಮೂಲೆ ಪುನಃ ಚೂಪಾಗುವ ತನಕ ಅರ ಹಾಕಿ, ಉಳಿದವನ್ನೂ ಆ ಉದ್ದಕ್ಕೆ ತರಬೇಕು. ನಿಜವಾಗಿ ಕೊಯ್ಯುವುದು ಆ ಮೂಲೆ. ಅಡ್ಡ ನಾರನ್ನು ಅದು ಕತ್ತರಿಸುತ್ತದೆ, ಮೇಲಿನ ಅಂಚು ಚಕ್ಕೆಯನ್ನು ಎಬ್ಬಿಸಿ ತೆಗೆಯುತ್ತದೆ.

ಯಾವಾಗ ಹಾಕಬೇಕು? ಮಿಷನಿಗೆ ಪೆಟ್ರೋಲ್ ತುಂಬುವಾಗಲೆಲ್ಲ. ಎಂಜಿನಿಗೂ ತಣಿಯಲು ಸಮಯ ಸಿಗುತ್ತದೆ, ನಮ್ಮ ಬೆನ್ನಿಗೂ. ಹದವಾಗಿರುವಾಗಲೇ ಹಾಕಿದರೆ ಹತ್ತು ನಿಮಿಷದ ಕೆಲಸ. ಪೂರ್ತಿ ಮೊಂಡಾಗುವ ತನಕ ಕಾದರೆ ಹಲ್ಲಿಗೆ ಹತ್ತಿಪ್ಪತ್ತು ಸಲ ಅರ ಹೊಡೆಯಬೇಕು, ಚೈನಿನ ಆಯುಸ್ಸೂ ಅಷ್ಟೇ ಬೇಗ ಮುಗಿಯುತ್ತದೆ. ಪೇಟೆಯ ಅಂಗಡಿಗಳ ಗ್ರೈಂಡರಿನಲ್ಲಿ ಬೇಗ ಆಗುತ್ತದೆ ನಿಜ. ಆದರೆ ಆತುರದವರ ಕೈಯಲ್ಲಿ ಹಲ್ಲು ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಯಿತೆಂದೇ ಲೆಕ್ಕ.

ಮೂಗನ್ನು ಮರೆಯಬೇಡಿ

‘ಅರ ಸರಿಯಾಗಿಯೇ ಹಾಕಿದ್ದೇನೆ, ಆದರೂ ಹುಡಿಯೇ ಬರ್ತದೆ’ ಎನ್ನುವವರು ಬಹಳ. ಹಲ್ಲಿನ ತಲೆ ಹಿಂದಕ್ಕೆ ಇಳಿಜಾರಾಗಿದೆ. ಅರ ಹಾಕಿ ಹಾಕಿ ಅಂಚು ಹಿಂದೆ ಸರಿದಂತೆ ತಗ್ಗುತ್ತಲೂ ಹೋಗುತ್ತದೆ. ಮೂಗು ಮಾತ್ರ ಇದ್ದಲ್ಲೇ ಇರುತ್ತದೆ. ಕೊನೆಗೆ ಮೂಗೇ ಮರಕ್ಕೆ ಉಜ್ಜಿಕೊಂಡು ಓಡುತ್ತದೆ, ಅಂಚಿಗೆ ಮರ ಸಿಗುವುದಿಲ್ಲ. ನಾಲ್ಕೈದು ಸಲ ಅರ ಹಾಕಿದ ಮೇಲೆ ಒಮ್ಮೆ ಮೂಗನ್ನು ನೋಡಲೇಬೇಕು. ಇದಕ್ಕೊಂದು ಸಣ್ಣ ತಗಡಿನ ಗೇಜ್ ಸಿಗುತ್ತದೆ. ಚೈನಿನ ಮೇಲಿಟ್ಟು, ಅದರ ಸಂದಿನಿಂದ ಮೇಲೆ ಕಾಣುವಷ್ಟು ಮೂಗನ್ನು ಚಪ್ಪಟೆ ಅರದಲ್ಲಿ ಉಜ್ಜಿ, ಎದುರಿನ ಮೂಲೆಯನ್ನು ಮೊದಲಿನಂತೆ ಉರುಟು ಮಾಡಬೇಕು. ನಮ್ಮಲ್ಲಿ ಓಡುವ ಹೆಚ್ಚಿನ ಚೈನುಗಳಿಗೆ ಅಂಚಿಗಿಂತ 0.65 ಮಿ.ಮೀ. ತಗ್ಗು ಸಾಕು.

ಅಂದಾಜಿನಲ್ಲಿ ಇದನ್ನು ಮಾಡಬಾರದು. ಬೇಗ ಕೊಯ್ಯಲಿ ಎಂದು ಮೂಗನ್ನೇ ಸವರಿ ಬಿಡುವವರಿದ್ದಾರೆ. ಆಗ ಒಂದೊಂದು ಹಲ್ಲೂ ಆಳಕ್ಕೆ ಕಚ್ಚಿ ಎಂಜಿನ್ ನಿಲ್ಲುತ್ತದೆ, ಮಿಷನ್ ಕೈಯಲ್ಲಿ ಕುಣಿಯುತ್ತದೆ. ಬಾರಿನ ತುದಿಯ ಮೇಲ್ಭಾಗ ಎಲ್ಲಿಯಾದರೂ ಗೆಲ್ಲಿಗೆ ತಾಗಿದರೆ ಮಿಷನ್ ಮುಖದ ಕಡೆಗೆ ಹಾರುವ ಅಪಾಯ ಯಾವ ಚೈನಿನಲ್ಲೂ ಉಂಟು, ಮೂಗು ಸವೆಸಿದ ಚೈನಿನಲ್ಲಿ ಅದು ಇನ್ನೂ ಹೆಚ್ಚು.

ಕೊಳ್ಳುವಾಗ

ಅಂಗಡಿಯಲ್ಲಿ ‘20 ಇಂಚಿನ ಚೈನು ಕೊಡಿ’ ಅಂದರೆ ಸಾಲದು. ಪಿಚ್, ಬಾರಿನ ಗಾಡಿಯಲ್ಲಿ ಕೂರುವ ಕೊಂಡಿಯ ದಪ್ಪ (1.3, 1.5, 1.6 ಮಿ.ಮೀ. ಹೀಗೆ), ಆ ಕೊಂಡಿಗಳ ಸಂಖ್ಯೆ, ಈ ಮೂರೂ ಹೊಂದಬೇಕು. ಹಳೆಯ ಚೈನನ್ನೇ ಒಯ್ದು ಕೊಂಡಿ ಎಣಿಸಿ ತನ್ನಿ.

ಹಲ್ಲಿನ ಮೂಲೆ ಎರಡು ಬಗೆ. ಚೌಕ ಮೂಲೆಯದ್ದಕ್ಕೆ ಫುಲ್ ಚಿಸೆಲ್ ಎನ್ನುತ್ತಾರೆ. ಶುಭ್ರವಾದ ಹಸಿ ಮರದಲ್ಲಿ ಅದರ ವೇಗಕ್ಕೆ ಸಾಟಿಯಿಲ್ಲ. ಆದರೆ ಮಣ್ಣು ತಾಗಿತೋ, ಆ ಚೂಪು ಮೂಲೆ ಮೊದಲು ಹೋಗುತ್ತದೆ. ಸೆಮಿ ಚಿಸೆಲ್‌ನ ಮೂಲೆ ಸ್ವಲ್ಪ ಉರುಟು. ವೇಗ ತುಸು ಕಡಿಮೆ, ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ. ನಮ್ಮ ಸೌದೆಯೆಂದರೆ ಒಣಗಿದ ಗೇರು, ಹಲಸು, ಮಾವು, ಅಕೇಶಿಯಾ. ಮಣ್ಣು ಮೆತ್ತಿದ ಬುಡಗಳೇ ಹೆಚ್ಚು. ನನ್ನ ಅಭಿಪ್ರಾಯದಲ್ಲಿ ಸೌದೆಗೆ ಸೆಮಿ ಚಿಸೆಲ್ಲೇ ಸರಿ. ಕಾರ್ಬೈಡ್ ತುದಿಯ ಚೈನೂ ಉಂಟು, ಆದರೆ ಅದಕ್ಕೆ ಈ ಅರ ನಡೆಯುವುದಿಲ್ಲ, ರೇಟೂ ನಮಗೆ ಹೇಳಿದ್ದಲ್ಲ.

ಒಂದೇ ಚೈನನ್ನು ಕೊನೆ ತನಕ ತಿಕ್ಕುವ ಬದಲು ಎರಡು ಇಟ್ಟುಕೊಂಡು ಸರದಿಯಲ್ಲಿ ಓಡಿಸಿ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ತಿನ್ನುತ್ತದೆ. ಎರಡು ಚೈನು ಮುಗಿಯುವಾಗ ಅದನ್ನೂ ಬದಲಿಸುವುದು ರೂಢಿ. ಹಲ್ಲಿನ ತಲೆ 4 ಮಿ.ಮೀ.ಗೆ ಇಳಿದರೆ ಆ ಚೈನಿನ ಆಸೆ ಬಿಡಿ, ಹಲ್ಲು ಮುರಿದು ಹಾರೀತು.

ಹರಿತ ಉಳಿಸುವುದು

ಮುರಕಲ್ಲಿನ ನೆಲಕ್ಕೆ ಚೈನು ಅರೆಕ್ಷಣ ತಾಗಿದರೂ ಬೆಳಗ್ಗಿನ ಶ್ರಮವೆಲ್ಲ ಹೋಯಿತು. ದಿಮ್ಮಿಯ ಅಡಿಗೆ ಹಳೆಯ ಅಡಿಕೆ ಮರದ ತುಂಡು ಕೊಟ್ಟು ಎತ್ತರಿಸಿ. ಎತ್ತಲಾಗದ ದಿಮ್ಮಿಯಾದರೆ ಸಾಲಾಗಿ ಮುಕ್ಕಾಲು ಭಾಗ ಕೊಯ್ಯುತ್ತ ಹೋಗಿ, ಆಮೇಲೆ ಹಾರೆ ಕೊಟ್ಟು ಹೊರಳಿಸಿ ಉಳಿದ ಕಾಲನ್ನು ಮೇಲಿನಿಂದ ಕೊಯ್ಯಿರಿ. ಸತ್ತ ಮರದ ತೊಗಟೆಯ ಮೇಲೆ ಗೆದ್ದಲು ಕಟ್ಟಿದ ಮಣ್ಣು ಇರುತ್ತದಲ್ಲ, ಅದು ಮರಳುಕಾಗದವಿದ್ದಂತೆ. ಕತ್ತಿಯ ಬೆನ್ನಿನಲ್ಲಿ ಕೆರೆದು ತೆಗೆದೇ ಕೊಯ್ಯಬೇಕು. ಬೇಲಿಯ ಬದಿಯ ಮರಗಳಲ್ಲಿ ಅಜ್ಜನ ಕಾಲದ ತಂತಿ, ಮೊಳೆ ಒಳಗೇ ಸೇರಿಕೊಂಡಿರುವುದುಂಟು. ತೊಗಟೆ ಉಬ್ಬಿದ, ಕಪ್ಪು ಕಲೆಯಿರುವ ಜಾಗ ಬಿಟ್ಟು ಕೊಯ್ಯಿರಿ. ತೆಂಗಿನ ಬುಡದ ಹೊರಸುತ್ತು ಬಹಳ ಗಟ್ಟಿ, ಅದಕ್ಕೆ ಸವೆದ ಚೈನನ್ನೇ ತೆಗೆದಿಡುವುದು ಲಾಭ. ಸಾಧ್ಯವಿದ್ದಷ್ಟೂ ಸೌದೆಯನ್ನು ಹಸಿಯಿರುವಾಗಲೇ ತುಂಡು ಮಾಡಿ ಸೀಳಿಡಿ. ಚೈನಿಗೂ ಸುಲಭ, ತುಂಡು ಒಣಗುವುದೂ ಬೇಗ.

ಎಣ್ಣೆಯ ವಿಷಯ. ಬೈಕಿನ ಕರಿ ಎಣ್ಣೆ ಪುಕ್ಕಟೆ ಸಿಗುತ್ತದೆಂದು ಚೈನಿಗೆ ಹಾಕುವವರೇ ಹೆಚ್ಚು. ಅದರಲ್ಲಿ ಲೋಹದ ಹುಡಿ ಇರುತ್ತದೆ, ಬಾರೂ ಪಂಪೂ ಸವೆಯುತ್ತವೆ. ಅದು ಮೈಮೇಲೆ, ಮುಖದ ಮೇಲೆ ಸಿಡಿಯುವುದು ಆರೋಗ್ಯಕ್ಕೂ ಕೆಟ್ಟದ್ದು, ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಸ್ತುಗಳು ಅದರಲ್ಲಿವೆ. ಚೈನಿನ ಎಣ್ಣೆ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಹಾಕಿ. ಬರುತ್ತಿದೆಯೋ ಎಂದು ತಿಳಿಯಲು ಬಾರಿನ ತುದಿಯನ್ನು ಒಂದು ಬಿಳಿ ಮರದ ಕಡೆಗೆ ಗೇಣು ದೂರದಲ್ಲಿ ಹಿಡಿದು ಎಕ್ಸಲೇಟರ್ ಕೊಡಿ, ಎಣ್ಣೆಯ ಗೆರೆ ಬೀಳಬೇಕು. ಗೇರಿನ ಸೊನೆ, ರಬ್ಬರ್ ಹಾಲು ಗಾಡಿಯಲ್ಲಿ ಅಂಟಿ ಕೂತರೆ ಎಣ್ಣೆ ಚೈನಿಗೆ ಮುಟ್ಟುವುದಿಲ್ಲ. ಬಾರು ಬಿಚ್ಚಿ ಸಪುರ ತಗಡಿನಿಂದ ಕೆರೆಯಿರಿ, ಕೂರಿಸುವಾಗ ಅಡಿಮೇಲು ಮಾಡಿ ಕೂರಿಸಿದರೆ ಎರಡೂ ಬದಿ ಸಮವಾಗಿ ಸವೆಯುತ್ತದೆ.

ಬಿಸಿಯಾದ ಚೈನು ಉದ್ದವಾಗಿ ಜೋತು ಬೀಳುತ್ತದೆ, ಆಗ ಬಿಗಿ ಮಾಡಬೇಕಾಗುತ್ತದೆ. ಆದರೆ ಸಂಜೆ ಕೆಲಸ ಮುಗಿಸಿದ ಮೇಲೆ ಸಡಿಲಿಸಿಯೇ ಇಡಿ, ತಣಿದು ಕುಗ್ಗಿದಾಗ ಬಾರನ್ನೂ ಎಂಜಿನಿನ ಶಾಫ್ಟನ್ನೂ ಎಳೆಯುತ್ತದೆ. ಮಳೆಗಾಲಕ್ಕೆ ಮಿಷನ್ ಎತ್ತಿಡುವಾಗ ಟ್ಯಾಂಕಿಯ ಪೆಟ್ರೋಲ್ ಖಾಲಿ ಮಾಡಿ, ಚೈನನ್ನು ಡೀಸೆಲಿನಲ್ಲಿ ಬ್ರಷ್ ಹಾಕಿ ತೊಳೆದು, ಎಣ್ಣೆ ಹಾಕಿದ ಹಳೆ ಡಬ್ಬದಲ್ಲಿ ಮುಳುಗಿಸಿಡಿ. ಅರಕ್ಕೆ ಮಾತ್ರ ಎಣ್ಣೆ ತಾಗಿಸಬೇಡಿ, ಜಾರುತ್ತದೆ. ಪೇಪರಿನಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ತುಕ್ಕು ಹಿಡಿಯದು.