ಜಾನಕಿ ಅಮ್ಮಾಳ್: ಇಷ್ಟೊಂದು ಕೆಲಸ ಮಾಡಿದವರು ಒಬ್ಬರೇನಾ?

ಪ್ರಶ್ನೆ: ಇ.ಕೆ. ಜಾನಕಿ ಅಮ್ಮಾಳ್ ಎಂಬ ಹೆಸರು ಒಂದೊಂದು ಕಡೆ ಒಂದೊಂದು ಥರ ಕಾಣಿಸುತ್ತದೆ. ಒಂದು ಪುಸ್ತಕದಲ್ಲಿ ತಿರುವನಂತಪುರದ ಪ್ರೊಫೆಸರ್, ಇನ್ನೊಂದರಲ್ಲಿ ಕಬ್ಬಿನ ತಳಿವಿಜ್ಞಾನಿ, ಮತ್ತೊಂದರಲ್ಲಿ ಇಂಗ್ಲೆಂಡಿನ ತೋಟದಲ್ಲಿ ಹೂಗಿಡ ಬೆಳೆಸಿದವರು, ಸರ್ಕಾರಿ ಅಧಿಕಾರಿ, ಅಣುಶಕ್ತಿ ಕೇಂದ್ರದ ಸಂಶೋಧಕಿ, ಸೈಲೆಂಟ್ ವ್ಯಾಲಿ ಹೋರಾಟಗಾರ್ತಿ. ಇವರೆಲ್ಲ ಒಬ್ಬರೇನಾ? ಯಾಕೆ ಇಷ್ಟು ಸಲ ಕೆಲಸ ಬದಲಿಸಿದರು? ನಮ್ಮ ಕಬ್ಬು ಸಿಹಿಯಾದದ್ದು ಅವರಿಂದಲೇ ಎನ್ನುತ್ತಾರಲ್ಲ, ಅದು ನಿಜವೇ?

ಉತ್ತರ: ಹೌದು, ಎಲ್ಲರೂ ಒಬ್ಬರೇ. ಕಬ್ಬಿನ ಮಾತು ಅರ್ಧ ನಿಜ. ಯಾಕೆ ಇಷ್ಟು ಕೆಲಸ ಬದಲಿಸಿದರು ಎಂಬುದಕ್ಕೆ ಮಾತ್ರ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು. ಆ ಪಟ್ಟಿಯನ್ನು ದೂರದಿಂದ ನೋಡಿದರೆ ಎಲ್ಲಿಯೂ ನೆಲೆ ನಿಲ್ಲದ ಬದುಕು ಎನಿಸುತ್ತದೆ. ಹತ್ತಿರ ಹೋದರೆ ಹೆಚ್ಚುಕಡಿಮೆ ಅರುವತ್ತು ವರ್ಷ ಅವರು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದು ಕಾಣುತ್ತದೆ.

ಜಾನಕಿ ಹುಟ್ಟಿದ್ದು 1897ರ ನವೆಂಬರ್ 4ರಂದು, ಮಲಬಾರಿನ ತಲಶ್ಶೇರಿಯಲ್ಲಿ. ತಂದೆ ಇ.ಕೆ. ಕೃಷ್ಣನ್ ಮದ್ರಾಸ್ ಪ್ರಾಂತ್ಯದಲ್ಲಿ ಸಬ್ ಜಡ್ಜ್; ಮನೆಯ ತೋಟದಲ್ಲಿ ಅವರಿಗೆ ಅಪಾರ ಆಸಕ್ತಿ, ಹಕ್ಕಿಗಳ ಬಗ್ಗೆಯೂ ಬರೆಯುತ್ತಿದ್ದರು. ತೀಯ ಸಮುದಾಯದ ತುಂಬು ಕುಟುಂಬ ಅದು. ಅಕ್ಕಂದಿರು ಒಬ್ಬೊಬ್ಬರಾಗಿ ಮದುವೆಯಾಗಿ ಹೋದರು, ಜಾನಕಿ ಓದು ಮುಂದುವರಿಸುತ್ತೇನೆಂದು ಮದ್ರಾಸಿಗೆ ಹೊರಟರು. ಕ್ವೀನ್ ಮೇರೀಸ್ ಕಾಲೇಜು, ಅಲ್ಲಿಂದ ಪ್ರೆಸಿಡೆನ್ಸಿ ಕಾಲೇಜು. 1921ರಲ್ಲಿ ಸಸ್ಯಶಾಸ್ತ್ರದ ಆನರ್ಸ್ ಮುಗಿಯಿತು. ಆಮೇಲೆ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಾಗ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಬಾರ್ಬರ್ ವಿದ್ಯಾರ್ಥಿವೇತನ ಸಿಕ್ಕಿತು. ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ 1917ರಲ್ಲಿ ಶುರುವಾದ ವಿದ್ಯಾರ್ಥಿವೇತನ ಇದು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗಿಗೆ ತಳಪಾಯ ಹಾಕಿದ ರಾಜೇಶ್ವರಿ ಚಟರ್ಜಿ ಕೂಡ ಇದೇ ನೆರವಿನಿಂದ ಮಿಷಿಗನ್ನಿನಲ್ಲಿ ಓದಿದವರು.

ಅಲ್ಲಿ ಜಾನಕಿ ಕೈಗೆತ್ತಿಕೊಂಡ ವಿದ್ಯೆ ಸೈಟಾಲಜಿ, ಅಂದರೆ ಜೀವಕೋಶಗಳ ಅಧ್ಯಯನ. ಸಂಶೋಧನೆಗೆ ಆರಿಸಿಕೊಂಡದ್ದು ಬದನೆಯ ಕುಟುಂಬಕ್ಕೇ ಸೇರಿದ ನಿಕಾಂಡ್ರ ಎಂಬ ಗಿಡದ ವರ್ಣತಂತುಗಳನ್ನು. 1931ರಲ್ಲಿ ಡಿ.ಎಸ್ಸಿ. ಬಂತು. ಅಮೆರಿಕದಲ್ಲಿ ಸಸ್ಯಶಾಸ್ತ್ರದ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ.

ವರ್ಣತಂತು ಎಣಿಸುವುದು ಎಂದರೇನೆಂದು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅವರ ಮುಂದಿನ ಎಲ್ಲ ಕೆಲಸವೂ ಇದರ ಮೇಲೆಯೇ ನಿಂತಿದೆ. ಇನ್ನೂ ಅರಳದ ಎಳೆ ಮೊಗ್ಗನ್ನು ಬಿಡಿಸಿ, ಒಳಗಿನ ಕೇಸರದಿಂದ ಪರಾಗಕೋಶವನ್ನು ಸೂಜಿಯ ಮೊನೆಯಲ್ಲಿ ತೆಗೆಯಬೇಕು. ಗಾಜಿನ ಪಟ್ಟಿಯ ಮೇಲೆ ಅದನ್ನಿಟ್ಟು ಅಸಿಟೋಕಾರ್ಮೈನ್ ಎಂಬ ಕೆಂಪು ಬಣ್ಣದ ಒಂದು ಹನಿ ಹಾಕಬೇಕು. ಕಳ್ಳಿಯ ಮೇಲೆ ಬದುಕುವ ಒಂದು ಪುಟ್ಟ ಕೀಟದಿಂದ ತೆಗೆದ ಬಣ್ಣ ಅದು. ಉರಿಯ ಮೇಲೆ ಒಮ್ಮೆ ಹಾಯಿಸಿ, ಮೇಲೊಂದು ತೆಳು ಗಾಜು ಮುಚ್ಚಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಎಲ್ಲವೂ ಸರಿಹೋದರೆ, ವಿಭಜನೆಯ ಸರಿಯಾದ ಗಳಿಗೆಯಲ್ಲಿ ಸಿಕ್ಕಿಬಿದ್ದ ಕೋಶವೊಂದರಲ್ಲಿ ವರ್ಣತಂತುಗಳು ಕೆಂಪು ಚುಕ್ಕಿಗಳಂತೆ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ. ಮೊಗ್ಗು ಒಂದು ದಿನ ಎಳೆಯದಾದರೂ ಕಾಣುವುದಿಲ್ಲ, ಒಂದು ದಿನ ಬಲಿತರೂ ಕಾಣುವುದಿಲ್ಲ. ಬದನೆಯಲ್ಲಿ 24 ವರ್ಣತಂತು, ಮೆಕ್ಕೆಜೋಳದಲ್ಲಿ 20. ಈಗ ನಾವು ಬೆಳೆಯುವ ಕಬ್ಬಿನಲ್ಲಾದರೆ 100ಕ್ಕೂ ಮೇಲೆ. ಅಷ್ಟನ್ನೂ ತಪ್ಪದೆ ಎಣಿಸಬೇಕಾದರೆ ಕಣ್ಣಿಗೂ ತಾಳ್ಮೆಗೂ ಎಷ್ಟು ಪರೀಕ್ಷೆ ಇದ್ದಿರಬೇಕು ಯೋಚಿಸಿ.

ಎಣಿಸಿ ಏನು ಪ್ರಯೋಜನ? ಆ ಸಂಖ್ಯೆ ಗಿಡದ ಕುಲದ ಕಥೆ ಹೇಳುತ್ತದೆ. ಯಾವುದು ಯಾವುದರ ನಂಟು, ಯಾವ ಎರಡು ಸಸ್ಯಗಳು ಕೂಡಿ ಇದು ಹುಟ್ಟಿತು, ಯಾವ ಘಟ್ಟದಲ್ಲಿ ವರ್ಣತಂತುಗಳು ಇಮ್ಮಡಿಯಾದವು ಎಂಬುದಕ್ಕೆಲ್ಲ ಸುಳಿವು ಅಲ್ಲೇ. ಈ ಗಿಡ ಎಲ್ಲಿಂದ ಬಂತು? ಜಾನಕಿ ಅಮ್ಮಾಳ್ ಬದುಕಿನುದ್ದಕ್ಕೂ ಕೇಳಿದ ಪ್ರಶ್ನೆ ಇದೇ.

ಪ್ರೊಫೆಸರ್ ಆಗಿ ಅವರು ಇದ್ದದ್ದು ಬಹಳ ಕಡಿಮೆ ಕಾಲ. 1932ರಿಂದ 1934ರವರೆಗೆ ತಿರುವನಂತಪುರದ ಮಹಾರಾಜಾಸ್ ವಿಜ್ಞಾನ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕಿ. ಆ ಕಾಲಕ್ಕೆ ಹೆಣ್ಣೊಬ್ಬಳು ಆ ಹುದ್ದೆಯಲ್ಲಿ ಕೂರುವುದೇ ದೊಡ್ಡ ಸುದ್ದಿ. ಅಲ್ಲೇ ಉಳಿದಿದ್ದರೆ ನೆಮ್ಮದಿಯಾಗಿ ನಿವೃತ್ತಿಯವರೆಗೂ ನಡೆಯುತ್ತಿತ್ತು. ಅವರು ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಕೇಂದ್ರಕ್ಕೆ ಹೋದರು.

ಈಗ ನಿಮ್ಮ ಕಬ್ಬಿನ ಪ್ರಶ್ನೆ. ಮಂಡ್ಯ, ಬೆಳಗಾವಿ ಕಡೆಯ ರೈತರು ‘ಸಿಒ 86032’ ಎಂದು ತಳಿಯ ಹೆಸರು ಹೇಳುತ್ತಾರಲ್ಲ, ಅದರಲ್ಲಿನ ‘ಸಿಒ’ ಕೊಯಮತ್ತೂರಿನ ಗುರುತು. ಆ ಕೇಂದ್ರ ಶುರುವಾದದ್ದು 1912ರಲ್ಲಿ. ನ್ಯೂಗಿನಿ ಕಡೆಯಿಂದ ಬಂದ ದಪ್ಪ, ರಸಭರಿತ ಕಬ್ಬು ಸಿಹಿಯೇನೋ ಹೌದು, ಆದರೆ ಉತ್ತರ ಭಾರತದ ಚಳಿಗೂ ರೋಗಕ್ಕೂ ತಡೆಯುತ್ತಿರಲಿಲ್ಲ. ಅದನ್ನು ನಮ್ಮ ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡುಕಬ್ಬಿನೊಂದಿಗೆ ಕೂಡಿಸಿ ಗಟ್ಟಿ ತಳಿ ಮಾಡಿದವರು ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್. ಮೊದಲ ಸಂಕರ ತಳಿ ‘ಸಿಒ 205’ ರೈತರ ಕೈಗೆ ಬಂದದ್ದು 1918ರಲ್ಲಿ. ಆಗ ಜಾನಕಿ ಇನ್ನೂ ವಿದ್ಯಾರ್ಥಿನಿ. ಅಲ್ಲದೆ ಕಾಡುಕಬ್ಬು ಕೊಟ್ಟದ್ದು ಕಸುವನ್ನು; ಸಿಹಿ ಇದ್ದದ್ದು ದಪ್ಪ ಕಬ್ಬಿನಲ್ಲೇ. ಹಾಗಾಗಿ ಭಾರತದ ಕಬ್ಬನ್ನು ಸಿಹಿ ಮಾಡಿದವರು ಎಂಬ ಮಾತು ಸರಿಯಲ್ಲ. ಅದನ್ನು ಮತ್ತೆ ಮತ್ತೆ ಹೇಳುವುದರಿಂದ ಅವರು ನಿಜವಾಗಿ ಮಾಡಿದ ಕೆಲಸವೇ ಮರೆಯಾಗುತ್ತಿದೆ, ನನಗೆ ಬೇಸರ ಅದಕ್ಕೆ.

ಅವರು ಮಾಡಿದ್ದು ಇಷ್ಟು. ಕೂಡಿಸಿದಾಗ ಕೋಶದೊಳಗೆ ಏನು ನಡೆಯುತ್ತದೆ ಎಂಬುದನ್ನು ಎಣಿಸಿ ತೋರಿಸಿದರು. ಕಾಡುಕಬ್ಬಿನಲ್ಲಿ ಒಂದೊಂದು ಊರಿನದಕ್ಕೆ ಒಂದೊಂದು ವರ್ಣತಂತು ಸಂಖ್ಯೆ ಇರುವುದನ್ನು ಅಭ್ಯಾಸ ಮಾಡಿ, ಅದರ ಮೂಲ ಭಾರತವೇ ಎಂದು ವಾದಿಸಿದರು. ಕಬ್ಬನ್ನು ಅದರ ದೂರದ ನೆಂಟರಾದ ಹುಲ್ಲುಗಳ ಜೊತೆ ಕೂಡಿಸಿದರು. ಜೋಳದ ಜೊತೆ, ಮೆಕ್ಕೆಜೋಳದ ಜೊತೆಗೂ ಕೂಡಿಸಿದರು. ಕಬ್ಬು–ಮೆಕ್ಕೆಜೋಳದ ಸಂಕರದ ಬಗ್ಗೆ ಅವರ ಟಿಪ್ಪಣಿ 1938ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಆ ಗಿಡ ಯಾರ ಹೊಲಕ್ಕೂ ಬೆಳೆಯಾಗಿ ಬರಲಿಲ್ಲ, ಆದರೆ ಇಷ್ಟು ದೂರದ ಎರಡು ಕುಲಗಳು ಕೂಡಬಲ್ಲವು ಎಂಬುದು ತಳಿವಿಜ್ಞಾನಿಗಳಿಗೆ ದೊಡ್ಡ ಪಾಠ. ಇದೇ ಅವಧಿಯಲ್ಲಿ, 1935ರಲ್ಲಿ, ಸಿ.ವಿ. ರಾಮನ್ ಹಿಂದಿನ ವರ್ಷವಷ್ಟೇ ಬೆಂಗಳೂರಿನಲ್ಲಿ ಕಟ್ಟಿದ್ದ ಭಾರತೀಯ ವಿಜ್ಞಾನ ಅಕಾಡೆಮಿಗೆ ಫೆಲೋ ಆಗಿ ಆಯ್ಕೆಯಾದರು. ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅವರಿಗೆ ಹೆಣ್ಣೆಂಬ ಕಾರಣಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೇಶ ಕೊಡಲು, ಆಗ ಅದರ ನಿರ್ದೇಶಕರಾಗಿದ್ದ ರಾಮನ್ ಹಿಂಜರಿದು ಆಗಿನ್ನೂ ಎರಡು ವರ್ಷ ಕಳೆದಿತ್ತು ಅಷ್ಟೆ.

ಇಷ್ಟಾದರೂ ಕೊಯಮತ್ತೂರಿನಲ್ಲಿ ಅವರಿಗೆ ನೆಮ್ಮದಿ ಇರಲಿಲ್ಲ. ಮದುವೆಯಾಗದ ಹೆಣ್ಣು, ಮೇಲೆ ಹಿಂದುಳಿದ ಜಾತಿಯವರು. ಸಹೋದ್ಯೋಗಿಗಳ ನಡುವೆ ಅದರಿಂದಾದ ಕಿರಿಕಿರಿಯನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಕೆಲಸ ಬದಲಾದದ್ದೇಕೆ ಎಂಬುದಕ್ಕೆ ಒಂದು ಉತ್ತರ ಇಲ್ಲೇ ಇದೆ. ಎಷ್ಟೋ ಸಲ ಅವರಾಗಿ ಬಿಟ್ಟು ಹೋಗಲಿಲ್ಲ, ಅಲ್ಲಿ ಉಳಿಯುವುದು ಕಷ್ಟವಾಗಿತ್ತು.

1939ರಲ್ಲಿ ಎಡಿನ್‌ಬರೋದ ಅಂತರರಾಷ್ಟ್ರೀಯ ತಳಿವಿಜ್ಞಾನ ಸಮ್ಮೇಳನಕ್ಕೆಂದು ಹೋದರು. ಅದೇ ಹೊತ್ತಿಗೆ ಎರಡನೆಯ ಮಹಾಯುದ್ಧ ಶುರುವಾಯಿತು. ಲಂಡನ್ನಿನ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿ ಅಲ್ಲೇ ಉಳಿದರು. ರಾತ್ರಿ ಬಾಂಬು ಬೀಳುವಾಗ ಮಂಚದ ಕೆಳಗೆ ಅಡಗುತ್ತಿದ್ದರಂತೆ, ಬೆಳಗ್ಗೆ ಎದ್ದು ಒಡೆದ ಗಾಜು ಗುಡಿಸಿ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕೂರುತ್ತಿದ್ದರಂತೆ. ಮನೆಯವರ ಬಳಿ ಅವರು ಹೇಳಿಕೊಂಡ ನೆನಪು ಇದು. ಆ ವರ್ಷಗಳ ಫಲವೇ ಅದೇ ಸಂಸ್ಥೆಯ ತಳಿವಿಜ್ಞಾನಿ ಸಿ.ಡಿ. ಡಾರ್ಲಿಂಗ್ಟನ್ ಜೊತೆ ಸೇರಿ 1945ರಲ್ಲಿ ತಂದ ‘ಕ್ರೋಮೋಸೋಮ್ ಅಟ್ಲಾಸ್ ಆಫ್ ಕಲ್ಟಿವೇಟೆಡ್ ಪ್ಲಾಂಟ್ಸ್’. ಮನುಷ್ಯ ಬೆಳೆಸುವ ಸಾವಿರಾರು ಸಸ್ಯಗಳ ವರ್ಣತಂತು ಸಂಖ್ಯೆಯನ್ನು ಒಂದೆಡೆ ಕೂಡಿಸಿ, ಅವು ಯಾವ ನೆಲದಿಂದ ಬಂದವು ಎಂಬುದನ್ನೂ ಜೋಡಿಸಿದ ಗ್ರಂಥ. ನನ್ನನ್ನು ಕೇಳಿದರೆ ಅವರ ಅತಿ ದೊಡ್ಡ ಕೆಲಸ ಇದೇ.

ಆಮೇಲೆ 1951ರವರೆಗೆ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ವಿಸ್ಲಿ ತೋಟ. ಆ ಸೊಸೈಟಿ ಸಂಬಳ ಕೊಟ್ಟು ನೇಮಿಸಿಕೊಂಡ ಮೊದಲ ಮಹಿಳಾ ವಿಜ್ಞಾನಿ ಇವರು. ಕಾಲ್ಚಿಸಿನ್ ಎಂಬ ರಾಸಾಯನಿಕ ಎಳೆಯ ಸಸಿಗೆ ತಗುಲಿದರೆ ಕೋಶ ಇಬ್ಭಾಗವಾಗದೆ ವರ್ಣತಂತುಗಳು ಮಾತ್ರ ಇಮ್ಮಡಿಯಾಗುತ್ತವೆ. ನಮ್ಮ ಸಂಪಿಗೆಯ ಬಳಗದ್ದೇ ಆದ ಮ್ಯಾಗ್ನೋಲಿಯ ಕೋಬಸ್ ಸಸಿಗಳಿಗೆ ಅವರು ಇದನ್ನು ಪ್ರಯೋಗಿಸಿದರು. 38 ಇದ್ದದ್ದು 76 ಆಯಿತು. ಆ ಸಸಿಗಳು ವಿಸ್ಲಿಯ ಬ್ಯಾಟಲ್‌ಸ್ಟನ್ ಗುಡ್ಡದಲ್ಲಿ ಮರಗಳಾಗಿ ಬೆಳೆದವು. ಬಿಳಿ ಹೂವಿನ ಒಂದು ಬಗೆಗೆ ‘ಜಾನಕಿ ಅಮ್ಮಾಳ್’ ಎಂದೇ ಹೆಸರು.

ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ಹೊಸದಾಗಿ ಕಟ್ಟಿಕೊಡಿ ಎಂದು ನೆಹರೂ ಕರೆದಾಗ, 1951ರಲ್ಲಿ, ಇದೆಲ್ಲವನ್ನೂ ಬಿಟ್ಟು ಬಂದರು. ಆಗ ಅವರಿಗೆ 53 ವರ್ಷ. ಬ್ರಿಟಿಷರು ನಮ್ಮ ಕಾಡುಗಳಲ್ಲಿ ಸಂಗ್ರಹಿಸಿದ ಗಿಡಗಳ ಮಾದರಿಗಳು ಲಂಡನ್ನಿನ ಕ್ಯೂ ತೋಟ ಸೇರಿದ್ದವು. ನಮ್ಮ ಊರಿನ ಸಸ್ಯದ ಹೆಸರು ಖಚಿತಪಡಿಸಿಕೊಳ್ಳಲು ನಮ್ಮವರು ಅಲ್ಲಿಗೆ ಹೋಗಬೇಕಿತ್ತು. ಇದು ಬದಲಾಗಬೇಕು, ಇಲ್ಲಿನ ಸಸ್ಯಗಳನ್ನು ಇಲ್ಲಿನವರೇ ಅಧ್ಯಯನ ಮಾಡಬೇಕು ಎಂಬುದು ಅವರ ಹಂಬಲ. ಯೋಜನೆ ಅವರು ಬಯಸಿದಂತೆ ನಡೆಯಲಿಲ್ಲ. ಸಂಸ್ಥೆಯ ಮುಖ್ಯ ಸ್ಥಾನ ಯುರೋಪಿನಿಂದ ಬಂದ ಸಸ್ಯವಿಜ್ಞಾನಿ ಹರ್ಮೆನೆಗಿಲ್ಡ್ ಸಂತಪೌ ಅವರ ಪಾಲಾಯಿತು. ಅದು ಜಾನಕಿಯವರನ್ನು ತುಂಬ ನೋಯಿಸಿತು. ಆದರೂ ಅಲಹಾಬಾದಿನ ಕೇಂದ್ರ ಸಸ್ಯಶಾಸ್ತ್ರ ಪ್ರಯೋಗಾಲಯವನ್ನು ನಡೆಸಿದರು, ಆಮೇಲೆ ಜಮ್ಮುವಿನಲ್ಲಿ ಔಷಧಿ ಮತ್ತು ಸುಗಂಧ ಸಸ್ಯಗಳ ಕೆಲಸ, ಸ್ವಲ್ಪ ಕಾಲ ಟ್ರಾಂಬೆಯ ಅಣುಶಕ್ತಿ ಕೇಂದ್ರ. ಎಲ್ಲಿಗೆ ಹೋದರೂ ಕೈಯಲ್ಲಿದ್ದದ್ದು ಅದೇ ಗಾಜಿನ ಪಟ್ಟಿ, ಅದೇ ಎಣಿಕೆ. ಹಿಮಾಲಯದ ಒಣಹವೆಯ ವಾಯುವ್ಯ ಭಾಗಕ್ಕಿಂತ ತೇವದ ಈಶಾನ್ಯ ಭಾಗದಲ್ಲಿ ವರ್ಣತಂತು ಹೆಚ್ಚಿದ ಸಸ್ಯಗಳು ಜಾಸ್ತಿ, ಚೀನಾ ಮತ್ತು ಮಲಯ ಕಡೆಯ ಸಸ್ಯಗಳು ಅಲ್ಲಿ ನಮ್ಮವುಗಳೊಂದಿಗೆ ಬೆರೆತು ಹೊಸ ಪ್ರಭೇದಗಳು ಹುಟ್ಟುತ್ತಿವೆ ಎಂಬ ಅವರ ವಿಚಾರ ಈ ತಿರುಗಾಟದಲ್ಲೇ ಮಾಗಿದ್ದು.

ಅದೇ ತಿರುಗಾಟದಲ್ಲಿ ಇನ್ನೊಂದೂ ಕಣ್ಣಿಗೆ ಬಿತ್ತು. ಅಸ್ಸಾಮಿನ ಆ ಭಾಗದಲ್ಲಿ ಮ್ಯಾಗ್ನೋಲಿಯ ಗ್ರಿಫಿತಿ ಜಾತಿಯ ಒಂದೇ ಒಂದು ಮರ ಇದೆಯೆಂದು ತಿಳಿದು ಶಿಲ್ಲಾಂಗಿನಿಂದ 37 ಮೈಲಿ ಹೋದರು. ಹೋಗಿ ನೋಡಿದರೆ ಮರವನ್ನು ಸುಟ್ಟುಹಾಕಿದ್ದರು. ಡಾರ್ಲಿಂಗ್ಟನ್‌ಗೆ ಈ ಸಂಗತಿಯನ್ನು ಪತ್ರದಲ್ಲಿ ಬರೆದರು. 1955ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ, ಭೂಮಿಯ ಮುಖವನ್ನು ಮನುಷ್ಯ ಹೇಗೆ ಬದಲಿಸುತ್ತಿದ್ದಾನೆ ಎಂಬ ವಿಷಯದ ಮೇಲೆ ನಡೆದ ದೊಡ್ಡ ವಿಚಾರ ಸಂಕಿರಣಕ್ಕೆ ಆಹ್ವಾನಿತರಾದವರಲ್ಲಿ ಅವರೊಬ್ಬರೇ ಮಹಿಳೆ. ಅಲ್ಲಿ ಅವರು ಮಾತಾಡಿದ್ದು ಭಾರತದ ಜೀವನಾಧಾರ ಬೇಸಾಯದ ಬಗ್ಗೆ.

1970ರಲ್ಲಿ ಮದ್ರಾಸಿಗೆ ಬಂದು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಉನ್ನತ ಅಧ್ಯಯನ ಕೇಂದ್ರ ಸೇರಿಕೊಂಡರು, ಮಧುರವಾಯಲಿನ ಅದರ ಪ್ರಯೋಗಾಲಯದಲ್ಲೇ ಕೊನೆಯವರೆಗೂ ಕೆಲಸ ಮಾಡಿದರು. 1977ರಲ್ಲಿ ಪದ್ಮಶ್ರೀ ಬಂತು. ಅಷ್ಟರಲ್ಲಿ ಪಾಲಕ್ಕಾಡಿನ ಸೈಲೆಂಟ್ ವ್ಯಾಲಿಯಲ್ಲಿ ಕುಂತಿಪ್ಪುಳ ನದಿಗೆ ವಿದ್ಯುತ್ ಅಣೆಕಟ್ಟು ಕಟ್ಟಿ ಕಾಡು ಮುಳುಗಿಸುವ ಯೋಜನೆ ಎದ್ದಿತ್ತು. ಎಂಬತ್ತರ ಹೊಸ್ತಿಲಲ್ಲಿದ್ದ ಜಾನಕಿ ಅದನ್ನು ವಿರೋಧಿಸಿದವರ ಸಾಲಿಗೆ ಸೇರಿದರು. ವಿರೋಧಕ್ಕೆ ಅವರು ತಂದದ್ದು ತಮಗೆ ಗೊತ್ತಿದ್ದ ವಿದ್ಯೆಯನ್ನೇ: ಸರೋವರವಾಗಲಿರುವ ಆ ಕಣಿವೆಯ ಮರಗಳ ವರ್ಣತಂತು ಸಮೀಕ್ಷೆ ಮಾಡುತ್ತೇನೆ ಎಂದು ಮಿತ್ರರಿಗೆ ಬರೆದರು. ಕಬ್ಬನ್ನು ಕೇಳಿದ್ದ ಪ್ರಶ್ನೆಯನ್ನೇ ಈಗ ಮುಳುಗಲಿರುವ ಕಾಡನ್ನು ಕೇಳಲು ಹೊರಟಿದ್ದರು.

1984ರ ಫೆಬ್ರವರಿ 7ರಂದು ಮಧುರವಾಯಲಿನಲ್ಲಿ ತೀರಿಕೊಂಡಾಗ ಅವರಿಗೆ 86 ವರ್ಷ. ಅಣೆಕಟ್ಟಿನ ಯೋಜನೆಯನ್ನು ಸರ್ಕಾರ ಕೈಬಿಟ್ಟಿತು, ಅದೇ ವರ್ಷದ ನವೆಂಬರಿನಲ್ಲಿ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು.